ಊರಲ್ಲಿ ಮನೆ, ಗಲ್ಫಿನಲ್ಲಿ ನಾವು: ಕಾಮಗಾರಿ ಕೆಟ್ಟರೆ ಕೇಸು ಹಾಕಲು ಎಷ್ಟು ಸಮಯ ಉಂಟು?

ಜೂನ್ ಶುರುವಾಯಿತೆಂದರೆ ಊರಿನಿಂದ ಬರುವ ಫೋನಿನಲ್ಲಿ ಕೆಲವು ಮಾತು ಖಾಯಂ. "ಮೇಲಿನ ಕೋಣೆಯ ಗೋಡೆಯಲ್ಲಿ ನೀರು ಇಳೀತಾ ಉಂಟು", "ಕಾಂಪೌಂಡ್ ಗೋಡೆ ಬಿರುಕು ಬಿಟ್ಟಿದೆ", "ಕಂಟ್ರಾಕ್ಟರ್ ಫೋನೇ ಎತ್ತುವುದಿಲ್ಲ". ಇಲ್ಲಿಂದ ನಾವು ಕೊಡುವ ಉತ್ತರವೂ ಖಾಯಂ: "ಆಯ್ತು, ರಜೆಗೆ ಬಂದಾಗ ನೋಡೋಣ". ರಜೆ ಸಿಗುವುದು ವರ್ಷಕ್ಕೊಮ್ಮೆ, ಕೆಲವರಿಗೆ ಎರಡು ವರ್ಷಕ್ಕೊಮ್ಮೆ. ಊರಿಗೆ ಹೋದ ಮೇಲೆ ಮದುವೆ, ಆಸ್ಪತ್ರೆ, ಬ್ಯಾಂಕು ಅಂತ ದಿನ ಮುಗಿದೇ ಹೋಗುತ್ತದೆ. ಹೀಗೆ ಎರಡು-ಮೂರು ರಜೆ ದಾಟಿದರೆ ಆ ಸೋರುವ ಗೋಡೆಯ ಬಗ್ಗೆ ಕೇಳುವ ಹಕ್ಕೇ ಕೈತಪ್ಪಿ ಹೋಗಿರಬಹುದು.

ನಾನು ವಕೀಲನಲ್ಲ, ಬಿ.ಕಾಂ. ಓದಿ ಲೆಕ್ಕಪತ್ರ ನೋಡುವವನು. ಆದರೆ ಯಾವ ಬಾಕಿ ಇನ್ನೂ ವಸೂಲಾಗಬಹುದು, ಯಾವುದನ್ನು ರೈಟ್ ಆಫ್ ಮಾಡಬೇಕು ಅಂತ ತೀರ್ಮಾನಿಸುವಾಗ ನಮ್ಮ ಕಸುಬಿನಲ್ಲಿ ಮೊದಲು ನೋಡುವುದು ತಾರೀಕು. ಮನೆ ಕಟ್ಟಿಸಿದ ವ್ಯವಹಾರಕ್ಕೂ ಅದೇ ಅನ್ವಯ.

ಭಾರತದಲ್ಲಿ ಇದಕ್ಕಿರುವ ಮೂಲ ಕಾನೂನು 1963ರ ಲಿಮಿಟೇಶನ್ ಆಕ್ಟ್, ಅಂದರೆ ಕಾಲಮಿತಿ ಕಾಯ್ದೆ. ಯಾವ ಬಗೆಯ ದಾವೆಯನ್ನು ಎಷ್ಟು ವರ್ಷದೊಳಗೆ ಹೂಡಬೇಕು ಎಂಬ ಪಟ್ಟಿ ಅದರಲ್ಲಿದೆ. ಇದರ 3ನೇ ಸೆಕ್ಷನ್ ಬಹಳ ಖಡಕ್. ಅವಧಿ ಮೀರಿ ಬಂದ ದಾವೆಯನ್ನು, ಎದುರಾಳಿ ಆಕ್ಷೇಪ ಎತ್ತದಿದ್ದರೂ ಕೋರ್ಟು ವಜಾ ಮಾಡಲೇಬೇಕು. "ಸ್ವಾಮಿ, ನಾನು ದುಬೈಯಲ್ಲಿದ್ದೆ, ಕಂಪನಿ ರಜೆ ಕೊಡಲಿಲ್ಲ" ಎಂದರೆ ನಡೆಯುವುದಿಲ್ಲ. ವಿಳಂಬ ಮನ್ನಿಸುವ 5ನೇ ಸೆಕ್ಷನ್ ಇರುವುದು ಮೇಲ್ಮನವಿಗೆ ಮತ್ತು ಅರ್ಜಿಗಳಿಗೆ ಮಾತ್ರ, ಹೊಸ ದಾವೆಗೆ ಅಲ್ಲ. ಒಮ್ಮೆ ಗಡಿಯಾರ ಓಡಲು ಶುರುವಾದರೆ ಆಮೇಲೆ ಬರುವ ಯಾವ ಅಡಚಣೆಯೂ ಅದನ್ನು ನಿಲ್ಲಿಸುವುದಿಲ್ಲ ಅಂತ 9ನೇ ಸೆಕ್ಷನ್ ಹೇಳುತ್ತದೆ. ಕೊನೆಯ ದಿನ ಕೋರ್ಟಿಗೆ ರಜೆ ಇದ್ದರೆ ಮತ್ತೆ ತೆರೆದ ದಿನ ಹಾಕಬಹುದು. ಆ ರಿಯಾಯಿತಿ ಕೋರ್ಟಿನ ರಜೆಗೆ, ನಮ್ಮ ರಜೆಗಲ್ಲ.

ನಮ್ಮಲ್ಲಿ ಹೆಚ್ಚಿನವರು ಮಾಡುವ ವ್ಯವಹಾರ ಹೀಗೆ: ಅಪ್ಪನ ಜಾಗದಲ್ಲೋ ಸ್ವಂತ ಸೈಟಿನಲ್ಲೋ ಮನೆ, ಊರಿನದೇ ಕಂಟ್ರಾಕ್ಟರ್, ಚದರ ಅಡಿ ಲೆಕ್ಕದಲ್ಲಿ ಮಾತು. ಕೆಲವರು ಸಾಮಾನು ತಾವೇ ತೆಗೆದುಕೊಟ್ಟು ಕೂಲಿ ಮಾತ್ರ ಗುತ್ತಿಗೆ ಕೊಡುತ್ತಾರೆ. ಒಪ್ಪಿದ ಹಾಗೆ ಕೆಲಸ ಮಾಡದಿದ್ದರೆ ಅದು ಕರಾರಿನ ಉಲ್ಲಂಘನೆ. ಕಾಯ್ದೆಯ ಪಟ್ಟಿಯ 55ನೇ ಆರ್ಟಿಕಲ್ ಪ್ರಕಾರ ಪರಿಹಾರಕ್ಕೆ ಸಿವಿಲ್ ದಾವೆ ಹೂಡಲು 3 ವರ್ಷ. ಎಣಿಕೆ ಶುರುವಾಗುವುದು ಕರಾರು ಮುರಿದ ದಿನದಿಂದ, ನಾವು ಊರಿಗೆ ಬಂದು ಬಿರುಕು ನೋಡಿದ ದಿನದಿಂದ ಅಲ್ಲ. ಕಳಪೆ ಸ್ಲ್ಯಾಬ್ ಹಾಕಿ ಮನೆ ಒಪ್ಪಿಸಿದ್ದು 2022ರ ಏಪ್ರಿಲಿನಲ್ಲಿ, ಸೋರಿಕೆ ಕಂಡದ್ದು 2024ರ ಮಳೆಗಾಲದಲ್ಲಿ ಅಂತ ಇಟ್ಟುಕೊಳ್ಳಿ. "2024ರಿಂದ ಲೆಕ್ಕ" ಅಂತ ನೆಮ್ಮದಿಯಿಂದ ಕೂತರೆ ಅಪಾಯ. ಎದುರು ಪಕ್ಷದ ವಕೀಲರು 2022ರಿಂದಲೇ ಎಣಿಸುತ್ತಾರೆ. ಆ ಲೆಕ್ಕ ಒಪ್ಪಿಗೆಯಾದರೆ 2025ರ ಏಪ್ರಿಲಿಗೆ ಕಥೆ ಮುಗಿಯಿತು.

ಇದಕ್ಕೊಂದು ಅಪವಾದ ಇದೆ, 17ನೇ ಸೆಕ್ಷನ್. ವಂಚನೆ ನಡೆದಿದ್ದರೆ ಅದು ತಿಳಿದ ದಿನದಿಂದ ಅಥವಾ ತಕ್ಕಷ್ಟು ಎಚ್ಚರ ವಹಿಸಿದ್ದರೆ ತಿಳಿಯಬಹುದಾಗಿದ್ದ ದಿನದಿಂದ ಎಣಿಕೆ. 12 ಎಂಎಂ ಕಬ್ಬಿಣ ಅಂತ ಬಿಲ್ ಮಾಡಿ 8 ಎಂಎಂ ಹಾಕಿ ಕಾಂಕ್ರೀಟ್ ಸುರಿದುಬಿಟ್ಟರೆ ಹೊರಗಿನಿಂದ ಯಾರಿಗೆ ಕಾಣುತ್ತದೆ? ಅಂಥಲ್ಲಿ ಈ ಸೆಕ್ಷನ್ ಕೈಹಿಡಿಯಬಹುದು. ಆದರೆ ವಂಚನೆ ಸಾಬೀತು ಮಾಡುವ ಭಾರ ನಮ್ಮ ಮೇಲೆಯೇ. ಬರೀ ಕಳಪೆ ಕೆಲಸ ವಂಚನೆ ಆಗುವುದಿಲ್ಲ. ಇಂಜಿನಿಯರ್ ಕೊಟ್ಟ ಲಿಖಿತ ವರದಿ ಇಲ್ಲದೆ ಈ ವಾದ ನಿಲ್ಲುವುದು ಕಷ್ಟ.

ಇಲ್ಲಿ ಕನ್‌ಸ್ಟ್ರಕ್ಷನ್ ಕಂಪನಿಗಳಲ್ಲಿ ದುಡಿಯುವ ನಮ್ಮವರಿಗೆ 'ಹತ್ತು ವರ್ಷದ ಹೊಣೆ' ಎಂಬ ಮಾತು ಕೇಳಿ ಗೊತ್ತಿರುತ್ತದೆ. ಕಟ್ಟಡ ಕುಸಿದರೆ ಅಥವಾ ಅದರ ಭದ್ರತೆಗೆ ಧಕ್ಕೆ ತರುವ ದೋಷ ಬಂದರೆ ಗುತ್ತಿಗೆದಾರ ಮತ್ತು ಮೇಲ್ವಿಚಾರಣೆ ಮಾಡಿದ ಇಂಜಿನಿಯರ್ 10 ವರ್ಷ ಹೊಣೆ ಅಂತ ಯುಎಇಯ 1985ರ ಸಿವಿಲ್ ಸಂಹಿತೆಯಲ್ಲೇ ಬರೆದಿತ್ತು. ಊರಿನ ಮನೆಗೂ ಅದೇ ನಿಯಮ ಅಂತ ಕೆಲವರು ತಿಳಿದಿದ್ದಾರೆ. ಸ್ವಂತ ಜಾಗದಲ್ಲಿ ಕಂಟ್ರಾಕ್ಟರ್ ಕೈಯಲ್ಲಿ ಕಟ್ಟಿಸಿದ ಮನೆಗೆ ನಮ್ಮ ದೇಶದಲ್ಲಿ ಅಂಥ ಹತ್ತು ವರ್ಷದ ಹೊಣೆಯ ಕಾನೂನು ಇಲ್ಲ ಮಾರಾಯ್ರೆ. ಇರುವುದು ಸಿವಿಲ್ ಕೋರ್ಟಿನ 3 ವರ್ಷ, ಗ್ರಾಹಕ ಆಯೋಗದ 2 ವರ್ಷ.

ಗ್ರಾಹಕ ಆಯೋಗದ ದಾರಿ ನಮ್ಮಂಥವರಿಗೆ ಹೆಚ್ಚು ಅನುಕೂಲ ಅಂತ ನನ್ನ ಅಭಿಪ್ರಾಯ. ಮನೆ ಕಟ್ಟಿಕೊಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ಸೇವೆ'ಯ ವ್ಯಾಖ್ಯೆಯೊಳಗೇ ಇದೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು (69ನೇ ಸೆಕ್ಷನ್). ಅವಧಿ ಸಿವಿಲ್ ಕೋರ್ಟಿಗಿಂತ ಕಡಿಮೆ ನಿಜ, ಆದರೆ ಸರಿಯಾದ ಕಾರಣ ತೋರಿಸಿದರೆ ವಿಳಂಬ ಮನ್ನಿಸುವ ಅಧಿಕಾರ ಆಯೋಗಕ್ಕಿದೆ. ಅದು ಆಯೋಗದ ವಿವೇಚನೆ, ನಮ್ಮ ಹಕ್ಕಲ್ಲ. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, ಅದರ ಮೇಲೆ 2 ಕೋಟಿಯವರೆಗೆ ರಾಜ್ಯ ಆಯೋಗ. ದೂರನ್ನು ಇ-ಜಾಗೃತಿ ಪೋರ್ಟಲ್‌ನಲ್ಲಿ ಇಲ್ಲಿಂದಲೇ ಹಾಕಬಹುದು, ವಿಡಿಯೋ ಮೂಲಕ ವಿಚಾರಣೆ ನಡೆಸಿ ಅಂತ ಕೇಳಿಕೊಳ್ಳಲೂ ಕಾಯ್ದೆಯಲ್ಲಿ ಅವಕಾಶ ಇದೆ. ಒಂದು ಎಚ್ಚರ: ಕಟ್ಟಿಸಿದ್ದು ವಾಸದ ಮನೆಯಲ್ಲ, ಅಂಗಡಿಗಳ ಕಾಂಪ್ಲೆಕ್ಸು ಅಂತಾದರೆ 'ವಾಣಿಜ್ಯ ಉದ್ದೇಶ' ಎಂಬ ಕಾರಣಕ್ಕೆ ದೂರು ಅಲ್ಲಿ ನಿಲ್ಲದಿರಬಹುದು. ಆಗ ಸಿವಿಲ್ ಕೋರ್ಟೇ ಗತಿ.

ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಫ್ಲ್ಯಾಟ್ ತೆಗೆದುಕೊಂಡವರ ಸ್ಥಿತಿ ಸ್ವಲ್ಪ ಉತ್ತಮ. ಜಾಗ 500 ಚದರ ಮೀಟರಿಗಿಂತ ಹೆಚ್ಚು ಮತ್ತು ಫ್ಲ್ಯಾಟು ಎಂಟಕ್ಕಿಂತ ಹೆಚ್ಚು ಇರುವ ಪ್ರಾಜೆಕ್ಟು ರೇರಾದಲ್ಲಿ ನೋಂದಣಿ ಆಗಬೇಕು. 2016ರ ಈ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದಲ್ಲಿ ಅಥವಾ ಗುಣಮಟ್ಟದಲ್ಲಿ ದೋಷ ಇದೆ ಅಂತ ಬಿಲ್ಡರಿಗೆ ತಿಳಿಸಿದರೆ 30 ದಿನದೊಳಗೆ ಆತ ಪುಕ್ಕಟೆ ಸರಿಮಾಡಿಕೊಡಬೇಕು. ಮಾಡದಿದ್ದರೆ ಪರಿಹಾರ ಕೇಳಬಹುದು. ಈ 5 ವರ್ಷ ನೀವು ಒಕ್ಕಲು ಹೋದ ದಿನದಿಂದ ಅಲ್ಲ. ಭಾವನೋ ತಮ್ಮನೋ ನಿಮ್ಮ ಪರವಾಗಿ ಬೀಗದ ಕೈ ತೆಗೆದುಕೊಂಡು ಪೊಸೆಶನ್ ಲೆಟರಿಗೆ ಸಹಿ ಹಾಕಿದ ದಿನದಿಂದ ಎಣಿಕೆ. ಬೀಗ ಹಾಕಿಟ್ಟ ಫ್ಲ್ಯಾಟಿನಲ್ಲಿ ಪೈಪು ಸೋರಿದರೂ ವರ್ಷ ಓಡುತ್ತಲೇ ಇರುತ್ತದೆ. ವರ್ಷಕ್ಕೊಮ್ಮೆಯಾದರೂ ಯಾರಾದರೂ ಬಾಗಿಲು ತೆಗೆದು ನೋಡಿ, ದೋಷ ಕಂಡರೆ ಬಿಲ್ಡರಿಗೆ ಇಮೇಲ್ ಮತ್ತು ರಿಜಿಸ್ಟರ್ಡ್ ಪೋಸ್ಟ್ ಎರಡರಲ್ಲೂ ತಿಳಿಸಬೇಕು. ಸೆಕ್ಯೂರಿಟಿಯವರಿಗೆ ಹೇಳಿದ್ದು ಬಿಲ್ಡರಿಗೆ ಹೇಳಿದ ಹಾಗಾಗುವುದಿಲ್ಲ.

ಫ್ಲ್ಯಾಟಿನವರಿಗೆ ಇನ್ನೆರಡು ಸಮಾಧಾನದ ವಿಷಯ. ಜಾಗದ ಹಕ್ಕುಪತ್ರದಲ್ಲೇ ದೋಷವಿದ್ದು ನಷ್ಟವಾದರೆ ರೇರಾದ 18ನೇ ಸೆಕ್ಷನ್ ಅಡಿ ಪರಿಹಾರ ಕೇಳಲು ಕಾಲಮಿತಿಯ ತಡೆ ಇಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ. ಬಿಲ್ಡರ್ ವಾಸಯೋಗ್ಯ ಪತ್ರ, ಅಂದರೆ ಓಸಿ, ಕೊಡಿಸದೇ ಇರುವುದು ನಿರಂತರ ತಪ್ಪು, ಅಂಥಲ್ಲಿ ಕಾಲಮಿತಿ ದಿನದಿನವೂ ಹೊಸದಾಗಿ ಶುರುವಾಗುತ್ತದೆ ಅಂತ ಮುಂಬೈಯ ಹೌಸಿಂಗ್ ಸೊಸೈಟಿಯೊಂದರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2022ರ ಜನವರಿಯಲ್ಲಿ ಹೇಳಿದೆ.

ಈಗ ಬಹಳ ಮಂದಿ ಎಡವುವ ಜಾಗಕ್ಕೆ ಬರೋಣ. "ವಕೀಲರಿಂದ ನೋಟಿಸ್ ಕೊಡಿಸಿದ್ದೇನೆ, ಇನ್ನು ಚಿಂತೆ ಇಲ್ಲ" ಅನ್ನುತ್ತಾರೆ. ನೋಟಿಸಿನಿಂದ ಸಿವಿಲ್ ದಾವೆಯ 3 ವರ್ಷ ನಿಲ್ಲುವುದಿಲ್ಲ. ಪಂಚಾಯಿತಿಕೆ ಮಾಡಿದರೂ, ಹಿರಿಯರು ಮಾತಾಡಿಸಿದರೂ, ವಾಟ್ಸಾಪಿನಲ್ಲಿ ನಾವು ಎಷ್ಟೇ ಬೈದರೂ ನಿಲ್ಲುವುದಿಲ್ಲ. ಹೊಸ ಅವಧಿ ಸಿಗಬೇಕಾದರೆ 18ನೇ ಸೆಕ್ಷನ್ ಹೇಳುವ ಒಪ್ಪಿಗೆ ಪತ್ರ ಬೇಕು: ಅವಧಿ ಮುಗಿಯುವ ಮೊದಲೇ, ಬರವಣಿಗೆಯಲ್ಲಿ, ಕಂಟ್ರಾಕ್ಟರನ ಸಹಿಯೊಂದಿಗೆ ಆತ ತನ್ನ ಹೊಣೆ ಒಪ್ಪಿಕೊಂಡಿರಬೇಕು. "ಸ್ಲ್ಯಾಬಿನ ಸೋರಿಕೆ ನಮ್ಮ ಕೆಲಸದ ದೋಷ, ಡಿಸೆಂಬರಿನೊಳಗೆ ಸರಿಮಾಡಿಕೊಡುತ್ತೇವೆ" ಅಂತ ಲೆಟರ್‌ಹೆಡ್ಡಿನಲ್ಲಿ ತಾರೀಕು, ಸಹಿ ಹಾಕಿ ಕೊಟ್ಟರೆ ಆ ಸಹಿಯ ದಿನದಿಂದ ಹೊಸ ಎಣಿಕೆ. ಬಾಯಿಮಾತಿನಲ್ಲಿ "ಮಾಡಿಕೊಡುವ ಅಣ್ಣಾ" ಅಂದದ್ದಕ್ಕೆ ಆ ಬಲ ಇಲ್ಲ. ಊರಿನವನೇ, ನೆಂಟನೇ, ಹೇಗೆ ಬರೆಸಿಕೊಳ್ಳುವುದು ಅಂತ ಸಂಕೋಚ ಪಡುವವರೇ ಜಾಸ್ತಿ. ಆ ಸಂಕೋಚದ ಬೆಲೆ ಎಷ್ಟು ಲಕ್ಷ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ.

ಕರಾರಿನಲ್ಲಿ "ಆರು ತಿಂಗಳ ನಂತರ ಕೋರ್ಟಿಗೆ ಹೋಗುವಂತಿಲ್ಲ" ಅಂತ ಬರೆದಿದ್ದರೆ ಹೆದರಬೇಡಿ. ಕಾನೂನು ಕೊಟ್ಟ ಅವಧಿಯನ್ನು ಮೊಟಕು ಮಾಡುವ ಷರತ್ತು ಕಾಂಟ್ರಾಕ್ಟ್ ಆಕ್ಟ್‌ನ 28ನೇ ಸೆಕ್ಷನ್ ಪ್ರಕಾರ ಅಷ್ಟರ ಮಟ್ಟಿಗೆ ಊರ್ಜಿತವಲ್ಲ.

ಇಷ್ಟು ಹೊತ್ತು ಹೇಳಿದ್ದು ನಮಗೆ ಬರಬೇಕಾದ್ದು. ಲೆಡ್ಜರಿಗೆ ಇನ್ನೊಂದು ಬದಿಯೂ ಉಂಟಲ್ಲ, ನಾವು ಕೊಡಬೇಕಾದ್ದು. ಹಣ ಕೊಡಲು ಇಂಥ ದಿನ ಅಂತ ಗೊತ್ತುಮಾಡದೆ ಮಾಡಿಸಿದ ಕೆಲಸದ ಬಾಕಿಗೆ ಕಂಟ್ರಾಕ್ಟರ್ ನಮ್ಮ ಮೇಲೆ ದಾವೆ ಹೂಡಲು ಇರುವುದೂ 3 ವರ್ಷವೇ, ಕೆಲಸ ಮುಗಿದ ದಿನದಿಂದ (18ನೇ ಆರ್ಟಿಕಲ್; ಮೇಲೆ ಹೇಳಿದ 18ನೇ ಸೆಕ್ಷನ್ ಬೇರೆ). "ಕೆಲಸ ಚೆನ್ನಾಗಿಲ್ಲ, ಅದಕ್ಕೆ ಕೊನೆಯ ಎರಡೂವರೆ ಲಕ್ಷ ಹಿಡಿದಿಟ್ಟಿದ್ದೇನೆ, ಮೂರು ವರ್ಷ ಕಳೆಯಿತು, ಇನ್ನು ಕೇಳಲಾರ" ಅಂತ ತಿಳಿದವರು ಕಾಯ್ದೆಯ 15ನೇ ಸೆಕ್ಷನ್ನಿನ 5ನೇ ಉಪವಿಭಾಗವನ್ನು ಓದಬೇಕು. ಪ್ರತಿವಾದಿ ಭಾರತದಿಂದ ಹೊರಗಿದ್ದ ದಿನಗಳನ್ನು ಕಾಲಮಿತಿಯ ಎಣಿಕೆಯಿಂದ ಕಳೆಯಬೇಕು ಅಂತ ಅದರಲ್ಲಿದೆ. ಪ್ರತಿವಾದಿ ಅಂದರೆ ದಾವೆ ಯಾರ ಮೇಲೋ ಅವರು. ಹೊರದೇಶದಲ್ಲಿ ಕೂತು ದಾವೆ ಹೂಡುವವನಿಗೆ ಈ ರಿಯಾಯಿತಿ ಇಲ್ಲ.

ಇದರ ಅರ್ಥ ನೋಡಿ. ಕಂಟ್ರಾಕ್ಟರ್ ಊರಲ್ಲೇ ಇದ್ದಾನೆ, ಹಾಗಾಗಿ ನಾವು ಅವನ ಮೇಲೆ ಹಾಕಬೇಕಾದ ಕೇಸಿನ 3 ವರ್ಷ ಒಂದು ದಿನವೂ ಬಿಡದೆ ಓಡುತ್ತದೆ. ನಾವು ದೋಹಾದಲ್ಲೋ ಕುವೈತಿನಲ್ಲೋ ಇದ್ದೇವೆ, ಹಾಗಾಗಿ ಅವನು ನಮ್ಮ ಮೇಲೆ ಹಾಕಬಹುದಾದ ಕೇಸಿನ ಗಡಿಯಾರ ಓಡುವುದು ನಾವು ರಜೆಗೆ ಊರಲ್ಲಿದ್ದ ದಿನಗಳಲ್ಲಿ ಮಾತ್ರ. ವರ್ಷಕ್ಕೆ 45 ದಿನ ರಜೆ ಅಂತ ಹಿಡಿಯಿರಿ. 3 ವರ್ಷ ಅಂದರೆ 1095 ದಿನ. ಭಾಗಿಸಿದರೆ 24 ವರ್ಷ ಮೀರಿತು! ಕಾಯ್ದೆಯ ಅಕ್ಷರ ಹಿಡಿದು ಹಾಕಿದ ಲೆಕ್ಕ ಇದು. ನಿಮ್ಮ ಕೇಸಿನಲ್ಲಿ ಹೇಗಾಗುತ್ತದೆ ಅಂತ ವಕೀಲರೇ ಹೇಳಬೇಕು, ಆದರೆ ಪಾಸ್‌ಪೋರ್ಟಿನ ಇಮಿಗ್ರೇಶನ್ ಮುದ್ರೆಗಳೇ ಅಲ್ಲಿ ಸಾಕ್ಷಿ. ಇದರ ಮೇಲೆ 19ನೇ ಸೆಕ್ಷನ್ ಇದೆ. ಅವಧಿ ಮುಗಿಯುವ ಮೊದಲು ಹಬ್ಬಕ್ಕೆಂದು ಬಾಕಿಯ ಲೆಕ್ಕದಲ್ಲಿ ಹತ್ತು ಸಾವಿರದ ಚೆಕ್ ಸಹಿ ಮಾಡಿ ಕೊಟ್ಟರೂ ಉಳಿದ ಬಾಕಿಗೆ ಆ ದಿನದಿಂದ ಹೊಸ 3 ವರ್ಷ.

ಆದ್ದರಿಂದ ಬಾಕಿ ಹಿಡಿದಿಟ್ಟು ಸುಮ್ಮನೆ ಕೂರುವುದು ಉಪಾಯ ಅಲ್ಲವೇ ಅಲ್ಲ. ಕರಾರು ಬರೆಯುವಾಗಲೇ ಒಟ್ಟು ಮೊತ್ತದ ಶೇ. 5ರಷ್ಟನ್ನು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದು ಅಂತ ಸೇರಿಸಿ. ನನ್ನನ್ನು ಕೇಳಿದರೆ ಕರಾವಳಿಯ ಮಳೆಗೆ ಎರಡು ಮಳೆಗಾಲ ಬೇಕು. ದೋಷ ಕಂಡರೆ ಇಂಜಿನಿಯರ್ ಹತ್ತಿರ ದುರಸ್ತಿಯ ಅಂದಾಜು ಬರೆಸಿ, ಇಷ್ಟು ಕಳೆದು ಇಷ್ಟು ಕೊಡುತ್ತೇನೆ ಅಂತ ಲಿಖಿತವಾಗಿ ತಿಳಿಸಿ. ರಾಜಿಯಾದರೆ ಕೊನೆಯ ಕಂತಿನ ಜೊತೆ "ಲೆಕ್ಕ ಪೂರ್ತಿ ಚುಕ್ತಾ, ಇನ್ನು ಯಾವ ಬಾಕಿಯೂ ಇಲ್ಲ" ಎಂಬ ರಶೀದಿಗೆ ಸಹಿ ಪಡೆಯಿರಿ. ನಗದು ಬೇಡ, ಬ್ಯಾಂಕ್ ಮೂಲಕವೇ ಕಳುಹಿಸಿ. ಕರಾರು ಬಾಯಿಮಾತಿನದೇ ಆಗಿದ್ದರೂ ತಾರೀಕು ತೋರಿಸಲು ಬ್ಯಾಂಕ್ ಸ್ಟೇಟ್‌ಮೆಂಟ್ ಉಳಿಯುತ್ತದೆ. ವಾಟ್ಸಾಪ್ ಮೆಸೇಜುಗಳನ್ನು ಸಾಕ್ಷಿಯಾಗಿ ಕೊಡಬಹುದು, ಆದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಜೊತೆಗಿರಬೇಕು, ಹಾಗಾಗಿ ಮೊಬೈಲ್ ಬದಲಿಸುವಾಗ ಹಳೆಯದನ್ನು ಮಾರಬೇಡಿ.

ರಜೆಗೆ ಕಾಯದೆ ಕೇಸು ಹಾಕಬೇಕೆಂದರೆ ಊರಲ್ಲಿ ಒಬ್ಬರಿಗೆ ಪವರ್ ಆಫ್ ಅಟಾರ್ನಿ ಕೊಡಬೇಕು. ಇಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳುಹಿಸಿದರೆ, ಪತ್ರ ಭಾರತಕ್ಕೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಸ್ಟಾಂಪ್ ಶುಲ್ಕ ಕಟ್ಟಬೇಕು. ಕಪಾಟಿನಲ್ಲಿಟ್ಟು ಮರೆಯುವುದು ಬೇಡ. ಪತ್ರವನ್ನು ಯಾರ ಹೆಸರಿಗೆ ಮಾಡುವುದು ಅನ್ನುವುದೂ ಮುಖ್ಯ. ಅಧಿಕಾರ ಪತ್ರ ಹಿಡಿದವರು ನಿಮ್ಮ ಪರವಾಗಿ ಕೇಸು ನಡೆಸಬಹುದು, ಆದರೆ ನಿಮಗೆ ಮಾತ್ರ ಗೊತ್ತಿರುವ ಸಂಗತಿಗೆ ನಿಮ್ಮ ಬದಲು ಸಾಕ್ಷಿ ಹೇಳಲಾಗದು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಕೆಲಸ ನಡೆಯುವಾಗ ದಿನವೂ ಸೈಟಿಗೆ ಹೋಗಿ ಸಿಮೆಂಟ್ ಚೀಲ ಎಣಿಸಿದ್ದು ಅಪ್ಪನೋ ಅಣ್ಣನೋ ಆಗಿದ್ದರೆ ಪತ್ರ ಅವರ ಹೆಸರಿಗೇ ಇರಲಿ.