ಶುಶ್ರೂಷೆಯ ಕಾಯಕಕ್ಕೆ ಹೊರಟ ಮಕ್ಕಳು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ನಮ್ಮ ಮನೆತನಗಳಲ್ಲಿ ಇಂದು ನರ್ಸಿಂಗ್ ಓದುತ್ತಿರುವ ಮಕ್ಕಳು ಅಪರೂಪವಲ್ಲ. ತೊಗರಿ ಮಾರಿದ ಹಣದಿಂದಲೋ, ಕಬ್ಬಿನ ಬಿಲ್ಲು ಕೈಸೇರಿದ ಮೇಲೋ, ಕೆಲವೊಮ್ಮೆ ತಾಯಿಯ ಬೋರಮಾಳ ಸರವನ್ನು ಒತ್ತೆಯಿಟ್ಟೋ ಶುಲ್ಕ ತುಂಬಿದ ತಂದೆತಾಯಿಗಳು ಮೂರು ನಾಲ್ಕು ವರ್ಷ ಕಾದಿರುತ್ತಾರೆ. ಅಂತಿಮ ವರ್ಷದ ಪರೀಕ್ಷೆ ಸಮೀಪಿಸುತ್ತಿರುವಂತೆ ಕಾಲೇಜಿನ ಸೂಚನಾ ಫಲಕದಲ್ಲಿ ಒಂದು ಪ್ರಕಟಣೆ ಕಾಣಿಸಿಕೊಳ್ಳುತ್ತದೆ. ಮಹಾನಗರದ ಇಂತಹ ಆಸ್ಪತ್ರೆ ಸಮೂಹದವರು ಇಂತಹ ದಿನ ಬಂದು ಹೊಸದಾಗಿ ತೇರ್ಗಡೆಯಾಗುವವರನ್ನು ಆಯ್ಕೆ ಮಾಡಲಿದ್ದಾರೆಂಬುದು ಅದರ ಸಾರ. ಬೆಳಿಗ್ಗೆ ಲಿಖಿತ ಪರೀಕ್ಷೆ, ಮಧ್ಯಾಹ್ನ ಸಂದರ್ಶನ. ಸಂಜೆಗೆ ಮಗಳಿಂದ ಮನೆಗೆ ಕರೆ: "ಅಪ್ಪಾ, ನನ್ನ ಆಯ್ಕೆ ಆಗೇದ. ಬೆಂಗಳೂರಿಗೆ ಹೋಗಬೇಕು. ನಾಳೆನೇ ಸಹಿ ಮಾಡಿ ಕೊಡಬೇಕಂತ."

ಈ ಸುದ್ದಿ ಮನೆಗೆ ಸಂತೋಷವನ್ನೂ ಆತಂಕವನ್ನೂ ಒಟ್ಟಿಗೆ ತರುತ್ತದೆ. ಕಳುಹಿಸುವುದೇ, ಬೇಡವೇ? ಕಳುಹಿಸುವುದಾದರೆ ಯಾರನ್ನು ಏನೆಂದು ಕೇಳಬೇಕು? ಹೊಲದ ಪಹಣಿಯನ್ನು ಹತ್ತು ಸಲ ತಿರುವಿ ನೋಡುವ ನಮ್ಮ ಹಿರಿಯರು ಮಗಳ ನೇಮಕಾತಿ ಪತ್ರದ ಮುಂದೆ ಸುಮ್ಮನೆ ಕುಳಿತುಬಿಡುತ್ತಾರೆ. ಅದು ಇಂಗ್ಲಿಷಿನಲ್ಲಿರುತ್ತದೆ, ಅವಸರದಲ್ಲಿ ಬಂದಿರುತ್ತದೆ. ಅಂತಹ ಮನೆಗಳಿಗೆ ಉಪಯೋಗವಾಗಲೆಂದು ಈ ವಿಚಾರವನ್ನು ಇಲ್ಲಿ ವಿವರವಾಗಿ ಪ್ರಸ್ತಾಪಿಸುತ್ತಿದ್ದೇವೆ.

ಅವರು ಏಕೆ ಬರುತ್ತಾರೆ?

ಖಾಸಗಿ ಆಸ್ಪತ್ರೆಗಳು ಸಮೂಹಗಳಾಗಿ ಬೆಳೆದದ್ದು ಈಚಿನ ನಾಲ್ಕು ದಶಕಗಳ ಸಂಗತಿ. ೧೯೮೩ರಲ್ಲಿ ಚೆನ್ನೈಯಲ್ಲಿ ಅಪೋಲೋ ಆಸ್ಪತ್ರೆ ಆರಂಭವಾಯಿತು. ಡಾ. ದೇವಿ ಶೆಟ್ಟಿಯವರು ೨೦೦೦ದಲ್ಲಿ ಬೆಂಗಳೂರಿನಲ್ಲಿ ನಾರಾಯಣ ಹೃದಯಾಲಯವನ್ನು ಸ್ಥಾಪಿಸಿದರು. ಇಂದು ಇಂತಹ ಸಮೂಹಗಳು ಅನೇಕ ನಗರಗಳಲ್ಲಿ ಆಸ್ಪತ್ರೆಗಳನ್ನು ನಡೆಸುತ್ತಿವೆ. ನೂರಾರು ಹಾಸಿಗೆಗಳ ಆಸ್ಪತ್ರೆ ಹಗಲಿರುಳು ಪಾಳಿಯಲ್ಲಿ ನಡೆಯಬೇಕು. ವೈದ್ಯರು ದಿನಕ್ಕೆರಡು ಬಾರಿ ಬಂದು ಹೋದಾರು. ರೋಗಿಯ ಮಗ್ಗುಲಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಇರಬೇಕಾದವರು ಶುಶ್ರೂಷಕರು. ಅನುಭವ ಪಡೆದ ಅನೇಕರು ಕೊಲ್ಲಿ ರಾಷ್ಟ್ರಗಳಿಗೆ, ಬ್ರಿಟನ್ನಿಗೆ, ಜರ್ಮನಿಗೆ ತೆರಳುವುದರಿಂದ ತೆರವಾದ ಸ್ಥಾನಗಳನ್ನು ವರ್ಷ ವರ್ಷವೂ ತುಂಬಲೇಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೫ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ೨೦೨೩ರಲ್ಲಿ ಜಗತ್ತಿನಲ್ಲಿದ್ದ ಶುಶ್ರೂಷಕರ ಸಂಖ್ಯೆ ೨ ಕೋಟಿ ೯೮ ಲಕ್ಷ. ಕೊರತೆ ೫೮ ಲಕ್ಷ.

ಆದುದರಿಂದಲೇ ಆಸ್ಪತ್ರೆಗಳು ಅರ್ಜಿಗಾಗಿ ಕಾಯದೆ ಕಾಲೇಜಿನ ಬಾಗಿಲಿಗೆ ಬರುತ್ತವೆ. ೨೦೨೫ರ ಏಪ್ರಿಲ್‌ನಲ್ಲಿ ಕಲಬುರಗಿಯಲ್ಲಿ ನಡೆದಂತಹ ಸರ್ಕಾರಿ ಉದ್ಯೋಗ ಮೇಳಗಳೂ ಉದ್ಯೋಗದಾತರನ್ನು ನಮ್ಮ ಭಾಗಕ್ಕೆ ಕರೆತರುತ್ತಿವೆ. ಪಾಲಕರು ಮೊದಲು ಮನಗಾಣಬೇಕಾದ ಮಾತು ಇದು: ನಮ್ಮ ಮಗಳಿಗೆ ಕೆಲಸ ಬೇಕಾಗಿರುವಂತೆಯೇ ಅವರಿಗೂ ನಮ್ಮ ಮಗಳು ಬೇಕಾಗಿದ್ದಾಳೆ. ಕೈಜೋಡಿಸಿ ನಿಲ್ಲುವ ಕಾರಣವಿಲ್ಲ. ವಿನಯದಿಂದ ಪ್ರಶ್ನೆ ಕೇಳಿದರೆ ಯಾವ ಒಳ್ಳೆಯ ಸಂಸ್ಥೆಯೂ ಮುನಿಯುವುದಿಲ್ಲ.

ಆ ದಿನಕ್ಕೆ ಸಿದ್ಧತೆ

ಸಂದರ್ಶನಕ್ಕೆ ಸಾಮಾನ್ಯವಾಗಿ ಆಸ್ಪತ್ರೆಯ ಶುಶ್ರೂಷಾ ವಿಭಾಗದ ಹಿರಿಯರೊಬ್ಬರು ಮತ್ತು ಸಿಬ್ಬಂದಿ ವಿಭಾಗದವರೊಬ್ಬರು ಬರುತ್ತಾರೆ. ಅವರು ಕೇಳುವ ಪ್ರಶ್ನೆಗಳು ದೊಡ್ಡ ಗ್ರಂಥಗಳಿಂದ ಆಯ್ದವಲ್ಲ. ವಾರ್ಡಿನಲ್ಲಿ ದಿನವೂ ಎದುರಾಗುವಂಥವು. ಕೈತೊಳೆಯಬೇಕಾದ ಸಂದರ್ಭಗಳಾವುವು, ರಕ್ತ ನೀಡುವಾಗ ರೋಗಿಗೆ ಚಳಿ ಬಂದರೆ ಮೊದಲು ಮಾಡಬೇಕಾದುದೇನು, ಔಷಧದ ಪ್ರಮಾಣವನ್ನು ಲೆಕ್ಕ ಹಾಕುವುದು ಹೇಗೆ ಎಂಬಂಥವು. ಒಂದು ಲೀಟರ್ ಸಲೈನನ್ನು ಎಂಟು ಗಂಟೆಗಳಲ್ಲಿ ಹಾಯಿಸಬೇಕು. ಒಂದು ಮಿಲಿಲೀಟರಿಗೆ ಇಪ್ಪತ್ತು ಹನಿ ಬೀಳುವ ನಳಿಕೆಯಿದೆ. ನಿಮಿಷಕ್ಕೆ ಎಷ್ಟು ಹನಿ? ಒಟ್ಟು ೨೦,೦೦೦ ಹನಿಗಳನ್ನು ೪೮೦ ನಿಮಿಷಗಳಿಂದ ಭಾಗಿಸಿದರೆ ಸುಮಾರು ೪೨ ಎಂಬ ಉತ್ತರ ಬರುತ್ತದೆ. ಇಂತಹ ಲೆಕ್ಕಗಳನ್ನು ಮನೆಯಲ್ಲಿ ಕುಳಿತು ದಿನಕ್ಕೆ ಹತ್ತರಂತೆ ಮಾಡಿದ ಹುಡುಗಿ ಸಂದರ್ಶನದಲ್ಲಿ ತಡವರಿಸಲಾರಳು.

ಇಂಗ್ಲಿಷ್ ಬಾರದೆಂಬ ಅಳುಕು ನಮ್ಮ ಮಕ್ಕಳಲ್ಲಿ ಬಹಳ. ರೋಗಿಯ ಸ್ಥಿತಿಯನ್ನು ನಾಲ್ಕು ಸರಳ ವಾಕ್ಯಗಳಲ್ಲಿ ಮುಂದಿನ ಪಾಳಿಯವರಿಗೆ ಒಪ್ಪಿಸುವಷ್ಟು ಇಂಗ್ಲಿಷ್ ಬೇಕೇ ಬೇಕು. ಅದು ಅಭ್ಯಾಸದಿಂದ ಬರುತ್ತದೆ. ಆದರೆ ನಮ್ಮ ಸೀಮೆಯ ಮಕ್ಕಳಿಗೆ ಬೇರೊಂದು ಸಂಪತ್ತಿದೆ. ಆಳಂದದ ಹುಡುಗಿಗೆ ಕನ್ನಡದೊಡನೆ ಮರಾಠಿ ತಿಳಿಯುತ್ತದೆ. ಸಂತೆಯಲ್ಲಿ, ಬಸ್ಸಿನಲ್ಲಿ ಕೇಳಿದ ಹಿಂದಿ, ಉರ್ದು ನಾಲಿಗೆಯ ಮೇಲಿರುತ್ತವೆ. ದೇಶದ ನಾನಾ ಕಡೆಗಳಿಂದ ರೋಗಿಗಳು ಬರುವ ಬೆಂಗಳೂರಿನ ಆಸ್ಪತ್ರೆಯಲ್ಲಿ ಇದು ಸಣ್ಣ ಯೋಗ್ಯತೆಯಲ್ಲ. ಸಂದರ್ಶನದಲ್ಲಿ ಇದನ್ನು ಸಂಕೋಚಪಡದೆ ಹೇಳಿಕೊಳ್ಳಬೇಕು.

ಪತ್ರದಲ್ಲಿ ಓದಬೇಕಾದುದು

ಮೊದಲನೆಯದು ಸಂಬಳ. ಹೇಳುವ ಮೊತ್ತ ಬೇರೆ, ಕೈಗೆ ಬರುವ ಮೊತ್ತ ಬೇರೆ. ಉದಾಹರಣೆಗೆ ತಿಂಗಳಿಗೆ ೨೦,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಅದರಲ್ಲಿ ಮೂಲ ವೇತನ ೧೨,೦೦೦ವಾದರೆ ಭವಿಷ್ಯನಿಧಿಗೆ ಶೇಕಡಾ ೧೨ರಂತೆ ೧,೪೪೦, ಇ.ಎಸ್.ಐ.ಗೆ ಶೇಕಡಾ ೦.೭೫ರಂತೆ ೧೫೦, ವಸತಿ ಮತ್ತು ಊಟಕ್ಕೆ ೪,೦೦೦ ಹಿಡಿದರೆಂದರೆ ಕೈಗೆ ಉಳಿಯುವುದು ೧೪,೪೧೦. ಭವಿಷ್ಯನಿಧಿಗೆ ಹೋದ ಹಣ ನಷ್ಟವಲ್ಲ, ಮಗಳ ಹೆಸರಿನ ಉಳಿತಾಯ. ಆದರೆ ಮಾಲೀಕರು ಕಟ್ಟಬೇಕಾದ ಪಾಲನ್ನೂ ೨೦,೦೦೦ದೊಳಗೇ ಸೇರಿಸಿದ್ದಾರೆಯೇ ಎಂಬುದನ್ನು ಅವಶ್ಯ ಕೇಳಬೇಕು. ಸೇರಿಸಿದ್ದರೆ ಉಳಿಯುವ ಮೊತ್ತ ಇನ್ನೂ ಕಡಿಮೆ.

ಖಾಸಗಿ ಆಸ್ಪತ್ರೆಗಳ ಶುಶ್ರೂಷಕರ ವೇತನದ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದದ್ದುಂಟು. ೨೦೧೬ರ ಜನವರಿಯಲ್ಲಿ ನ್ಯಾಯಾಲಯ ನೀಡಿದ ನಿರ್ದೇಶನದಂತೆ ಕೇಂದ್ರ ಸರ್ಕಾರ ಸಮಿತಿಯೊಂದನ್ನು ನೇಮಿಸಿತು. ೨೦೦ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಲ್ಲಿ ಸರ್ಕಾರಿ ಶುಶ್ರೂಷಕರಿಗೆ ಸಮನಾದ ವೇತನವಿರಬೇಕು. ೧೦೦ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇಕಡಾ ೧೦ರಷ್ಟು, ೫೦ರಿಂದ ೧೦೦ರವರೆಗಿದ್ದರೆ ಶೇಕಡಾ ೨೫ರಷ್ಟು ಮಾತ್ರ ಕಡಿಮೆಯಿರಬಹುದು. ೫೦ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ ತಿಂಗಳಿಗೆ ೨೦,೦೦೦ಕ್ಕೆ ಕಡಿಮೆಯಾಗಬಾರದು ಎಂದು ಅದು ಶಿಫಾರಸು ಮಾಡಿತು. ಇದು ಶಿಫಾರಸೇ ಹೊರತು ತಾನಾಗಿ ಜಾರಿಯಾಗುವ ಕಾನೂನಲ್ಲ. ದೀರ್ಘ ಹೋರಾಟದ ಫಲವಾಗಿ ಕೇರಳ ಸರ್ಕಾರ ೨೦೧೮ರಲ್ಲಿ ೨೦,೦೦೦ ರೂಪಾಯಿಗಳ ಕನಿಷ್ಠ ವೇತನವನ್ನು ಅಧಿಸೂಚನೆಯ ಮೂಲಕ ಗೊತ್ತುಪಡಿಸಿತು. ಆದರೂ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆಗಳಿವೆ ಎಂಬ ಒಂದು ಪ್ರಶ್ನೆ ಪಾಲಕರ ಕೈಯಲ್ಲಿ ಒಳ್ಳೆಯ ಅಳತೆಗೋಲಾಗಬಲ್ಲದು.

ಎರಡನೆಯದು ಬಾಂಡ್. ಒಂದೆರಡು ವರ್ಷ ಕೆಲಸ ಬಿಡುವುದಿಲ್ಲ, ಬಿಟ್ಟರೆ ಇಂತಿಷ್ಟು ಹಣ ತೆರುತ್ತೇನೆ ಎಂಬ ಒಪ್ಪಂದ. "ಅದೆಲ್ಲ ಬರೀ ಕಾಗದ" ಎಂದು ಸಹಿ ಹಾಕುವವರಿದ್ದಾರೆ. ೨೦೨೫ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ಸ್ವಾಮ್ಯದ ಬ್ಯಾಂಕೊಂದರ ಪ್ರಕರಣದಲ್ಲಿ, ಮೂರು ವರ್ಷ ತುಂಬುವ ಮೊದಲೇ ಕೆಲಸ ಬಿಟ್ಟ ಅಧಿಕಾರಿ ೨ ಲಕ್ಷ ರೂಪಾಯಿ ತೆರಬೇಕೆಂಬ ಷರತ್ತನ್ನು ಎತ್ತಿಹಿಡಿದಿದೆ. ಪ್ರತಿಯೊಂದು ಪ್ರಕರಣವೂ ಬೇರೆಯಾದರೂ ಸಹಿಗೆ ಬೆಲೆಯಿದೆಯೆಂಬುದು ಇದರಿಂದ ಸ್ಪಷ್ಟ. ಅವಧಿಯೆಷ್ಟು, ಮೊತ್ತವೆಷ್ಟು, ಕಾಯಿಲೆ ಬಿದ್ದರೆ ಅಥವಾ ಸರ್ಕಾರಿ ಕೆಲಸ ಸಿಕ್ಕರೆ ವಿನಾಯಿತಿಯಿದೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಮೂಲ ಪ್ರಮಾಣಪತ್ರಗಳನ್ನು ತೋರಿಸಿ ಹಿಂದಕ್ಕೆ ಪಡೆಯಬೇಕು. ದೃಢೀಕರಿಸಿದ ಪ್ರತಿಗಳನ್ನು ಮಾತ್ರ ಕೊಡಬೇಕು. ಅಂಕಪಟ್ಟಿ ಮತ್ತು ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಪತ್ರ ಆಕೆಯ ಮುಂದಿನ ಬದುಕಿನ ಬೀಗದ ಕೈ. ಅದನ್ನು ಪರರ ಕಪಾಟಿನಲ್ಲಿಡುವುದು ಸಲ್ಲದು.

ಮೂರನೆಯದು ಸುರಕ್ಷತೆ. ರಾತ್ರಿ ಪಾಳಿ ಈ ವೃತ್ತಿಯಲ್ಲಿ ಅನಿವಾರ್ಯ. ವಸತಿಗೃಹ ಆಸ್ಪತ್ರೆಯ ಆವರಣದಲ್ಲಿಯೇ ಇದೆಯೇ, ದೂರವಾದರೆ ವಾಹನವಿದೆಯೇ, ರಾತ್ರಿ ಒಬ್ಬ ಶುಶ್ರೂಷಕಿಯ ಪಾಲಿಗೆ ಎಷ್ಟು ರೋಗಿಗಳು ಎಂದು ಕೇಳಬೇಕು. ೨೦೧೩ರ ಕಾಯಿದೆಯಂತೆ ಹತ್ತು ಮತ್ತು ಹೆಚ್ಚು ಜನ ದುಡಿಯುವ ಪ್ರತಿ ಸಂಸ್ಥೆಯಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯಿರಲೇಬೇಕು. ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರ ಕೊಡುವುದನ್ನು ಮಾಲೀಕರ ಕರ್ತವ್ಯವನ್ನಾಗಿಸಿವೆ. ಮಹಿಳೆಯರ ರಾತ್ರಿ ಪಾಳಿಗೆ ಅವರ ಒಪ್ಪಿಗೆಯೂ ಬೇಕು, ಸುರಕ್ಷತೆಯ ಏರ್ಪಾಡೂ ಬೇಕು ಎನ್ನುತ್ತವೆ. ಬಾಯಿಮಾತಿನ ನೇಮಕಾತಿಗೆ ಮಗಳನ್ನು ರೈಲು ಹತ್ತಿಸಬಾರದು.

ನಾಲ್ಕನೆಯದು ಹಣ. ಸಂದರ್ಶನಕ್ಕೆ, ಆಯ್ಕೆಗೆ ದುಡ್ಡು ಕೇಳುವವರು ಯಾರೇ ಆಗಲಿ, ಅಲ್ಲಿಂದ ಎದ್ದು ಬರಬೇಕು. ವಿದೇಶದ ಆಸೆ ತೋರಿಸುವ ದಲ್ಲಾಳಿಗಳ ವಿಷಯದಲ್ಲಂತೂ ಇಮ್ಮಡಿ ಎಚ್ಚರ ಬೇಕು. ಇಂತಹ ವಂಚನೆಗಳನ್ನು ತಡೆಯಲೆಂದೇ ಕೇಂದ್ರ ಸರ್ಕಾರ ೨೦೧೫ರಲ್ಲಿ ೧೮ ರಾಷ್ಟ್ರಗಳಿಗೆ ತೆರಳುವ ಶುಶ್ರೂಷಕರ ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳಿಗೆ ವಹಿಸಿಕೊಟ್ಟಿತ್ತು. ನಮ್ಮ ರಾಜ್ಯದಲ್ಲಿಯೂ ಕೌಶಲ್ಯಾಭಿವೃದ್ಧಿ ಇಲಾಖೆಯಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ. ವಿಚಾರಿಸುವುದಾದರೆ ಅಲ್ಲಿಯೇ ವಿಚಾರಿಸಬೇಕು.

ನಮ್ಮ ಊರಿನ ಹಾಸಿಗೆಯ ಬಳಿ ಯಾರು?

ಇಲ್ಲಿಯೇ ಒಂದು ನೋವಿನ ಪ್ರಶ್ನೆಯೂ ಏಳುತ್ತದೆ. ೨೦೦೨ರಲ್ಲಿ ಡಾ. ನಂಜುಂಡಪ್ಪ ಸಮಿತಿ ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳನ್ನು ಪಟ್ಟಿ ಮಾಡಿದಾಗ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರಲ್ಲಿದ್ದವು. ಕಾಯಿಲೆ ಬಿಗಡಾಯಿಸಿದರೆ ನಮ್ಮ ಜನ ಕಲಬುರಗಿಗೋ ಸೊಲ್ಲಾಪುರಕ್ಕೋ ಓಡುತ್ತಾರೆ. ಕಲಿತ ಮಕ್ಕಳೆಲ್ಲ ಮಹಾನಗರ ಸೇರಿದರೆ ಭೀಮಾ ತೀರದ ಹಳ್ಳಿಯ ಬಾಣಂತಿಯ ಬಳಿ ನಡುರಾತ್ರಿಯಲ್ಲಿ ನಿಲ್ಲುವವರು ಯಾರು?

ಇದಕ್ಕಾಗಿ ಮಕ್ಕಳನ್ನು ತಡೆದು ನಿಲ್ಲಿಸುವುದು ಪರಿಹಾರವಲ್ಲ. ಹಿಂದಿರುಗುವ ದಾರಿ ತೆರೆದಿರುವಂತೆ ನೋಡಿಕೊಳ್ಳುವುದು ಜಾಣತನ. ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ಬಂದ ೩೭೧(ಜೆ) ವಿಧಿಯ ಮೇರೆಗೆ ೨೦೧೩ರಲ್ಲಿ ಹೊರಟ ಆದೇಶದಂತೆ ನಮ್ಮ ಭಾಗದ 'ಸಿ' ವೃಂದದ ಹುದ್ದೆಗಳಲ್ಲಿ ಶೇಕಡಾ ೮೦ ಸ್ಥಳೀಯರಿಗೆ ಮೀಸಲು. ಉಪವಿಭಾಗಾಧಿಕಾರಿಗಳಿಂದ ಪಡೆಯಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಮಗಳು ಊರು ಬಿಡುವ ಮುನ್ನವೇ ಮಾಡಿಸಿಡುವುದು ಒಳ್ಳೆಯದು. ನೇಮಕಾತಿ ಪ್ರಕಟಣೆ ಬಂದಾಗ ಕಚೇರಿಗೆ ಅಲೆಯುವಷ್ಟು ಸಮಯವಿರುವುದಿಲ್ಲ. ಕಲಬುರಗಿಯೂ ಈಗ ಹಿಂದಿನಂತಿಲ್ಲ. ಮಹಾದೇವಪ್ಪ ರಾಂಪೂರೆಯವರ ಹೆಸರಿನ ವೈದ್ಯಕೀಯ ಕಾಲೇಜು ೧೯೬೩ರಿಂದಲೇ ಇದ್ದರೆ, ಸರ್ಕಾರಿ ವೈದ್ಯಕೀಯ ಕಾಲೇಜೂ ಇ.ಎಸ್.ಐ. ವೈದ್ಯಕೀಯ ಕಾಲೇಜೂ ೨೦೧೩ರಲ್ಲಿ ಆರಂಭವಾದವು. ಜಯದೇವ ಹೃದ್ರೋಗ ಸಂಸ್ಥೆಯ ೩೭೧ ಹಾಸಿಗೆಗಳ ಆಸ್ಪತ್ರೆ ೨೦೨೪ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. ಮಹಾನಗರದ ತೀವ್ರ ನಿಗಾ ಘಟಕದಲ್ಲಿ ಎರಡು ವರ್ಷ ಪಳಗಿದ ಕೈಗಳಿಗೆ ಇಲ್ಲಿಯೂ ಕೆಲಸವಿದೆ. ಸರ್ಕಾರಿ ಹುದ್ದೆ ಬರಲೆಂದು ಮನೆಯಲ್ಲಿ ಕುಳಿತು ಕಲಿತದ್ದನ್ನು ಮರೆಯುವುದಕ್ಕಿಂತ ಹೊರಗೆ ಪಳಗಿ ಮರಳುವುದು ಲೇಸು.

ನೆಂಟಸ್ತಿಕೆಯ ಮಾತು

ಕೊನೆಗೆ, ನಮ್ಮ ಮನೆಗಳಲ್ಲಿ ಪಿಸುಮಾತಿನಲ್ಲಿ ನಡೆಯುವ ಚರ್ಚೆಯೊಂದಿದೆ. "ರಾತ್ರಿ ಪಾಳಿ ಮಾಡುವ ಹುಡುಗಿಗೆ ವರ ಸಿಕ್ಕಾನೆಯೇ?" ಎಂಬುದು. ಹೊಟ್ಟೆನೋವೆಂದು ಆಸ್ಪತ್ರೆ ಸೇರಿದಾಗ ರಾತ್ರಿ ಎರಡು ಗಂಟೆಗೆ "ಸಿಸ್ಟರ್" ಎಂದು ಕೂಗುವವರು ನಾವೇ. ಅದೇ ಸಿಸ್ಟರನ್ನು ಸೊಸೆಯಾಗಿ ತರಲು ಹಿಂಜರಿಯುವವರೂ ನಾವೇ. ಕೊರೋನಾದಿಂದ ಭಾರತದಲ್ಲಿ ಮೊದಲ ಸಾವು ಸಂಭವಿಸಿದ್ದು ೨೦೨೦ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯ ನಿವಾಸಿಯೊಬ್ಬರದು. ಅನಂತರದ ದಿನಗಳಲ್ಲಿ ಬಂಧುಗಳೇ ಹತ್ತಿರ ಸುಳಿಯಲು ಅಂಜಿದ ರೋಗಿಗಳಿಗೆ ನೀರು ಕುಡಿಸಿದವರು, ಹಾಸಿಗೆ ಬದಲಿಸಿದವರು ಈ ಮಕ್ಕಳೇ. ಅವರಲ್ಲಿ ಗಂಡುಮಕ್ಕಳೂ ಇದ್ದರೆಂಬುದನ್ನು ಮರೆಯಲಾಗದು. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರು ರೋಗಿಗಳ ಸೇವೆಯನ್ನೇ ಕಾಯಕವಾಗಿಸಿಕೊಂಡಿದ್ದರು. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರು ಜನಿಸಿದ ಅರಳಗುಂಡಗಿ ಇದೇ ಜೇವರ್ಗಿ ಸೀಮೆಯದು. ಅಂಥ ಪರಂಪರೆಯವರು ಶುಶ್ರೂಷೆಯನ್ನು ಕೀಳಾಗಿ ಕಂಡರೆ ಅದು ನಮ್ಮ ಹಿರಿಯರಿಗೇ ಮಾಡಿದ ಅವಮಾನವಾದೀತು.

ಸಮಾಜದ ಸಂಘಗಳು ಮನಸ್ಸು ಮಾಡಿದರೆ ಒಂದು ಸಣ್ಣ ಕೆಲಸ ಮಾಡಬಹುದು. ಪ್ರತಿ ತಾಲೂಕಿನಲ್ಲಿ ಈಗಾಗಲೇ ಹೊರಗೆ ದುಡಿದು ಬಂದ ಶುಶ್ರೂಷಕಿಯರ ಹೆಸರುಗಳನ್ನು ಅವರ ಒಪ್ಪಿಗೆ ಪಡೆದು ಬರೆದಿಟ್ಟುಕೊಳ್ಳುವುದು. ಹೊಸದಾಗಿ ಆಯ್ಕೆಯಾದ ಹುಡುಗಿಯ ಮನೆಯವರು ಸಹಿಗೆ ಮುನ್ನ ಅವರಲ್ಲೊಬ್ಬರನ್ನು ಕಂಡು ಪತ್ರವನ್ನು ಓದಿಸಿಕೊಳ್ಳಲಿ. ಆ ಊರಿನ ವಸತಿಗೃಹ ಹೇಗಿದೆ, ಊಟ ಹೇಗಿದೆ, ರಜೆ ಸಿಗುತ್ತದೆಯೇ ಎಂಬುದನ್ನು ಅವರಷ್ಟು ಚೆನ್ನಾಗಿ ಬೇರಾರೂ ಹೇಳಲಾರರು. ಒಂದು ಚಹಾದ ಹೊತ್ತಿನಲ್ಲಿ ಮುಗಿಯುವ ಆ ಮಾತುಕತೆ ಮಗಳ ಎರಡು ವರ್ಷಗಳನ್ನು ಕಾಪಾಡೀತು. ಓದುಗ ಬಂಧುಗಳು ತಮ್ಮ ತಮ್ಮ ಊರಿನಲ್ಲಿ ಈ ಕೆಲಸಕ್ಕೆ ಮೊದಲಿಡಲಿ ಎಂದು ಹಾರೈಸುತ್ತೇವೆ.