ಈಚೆ ದಂಡೆಯವರೆಗೆ

ನಮ್ಮ ವಿಜಯಪುರ ಜಿಲ್ಲೆಗೆ ಕಡಲಿಲ್ಲ. ಇಂಡಿ, ಸಿಂದಗಿಗಳ ಕಡೆ ಹುಟ್ಟಿ ಬೆಳೆದವರಿಗೆ ನೀರೆಂದರೆ ಬಾವಿಯ ನೀರು. ಹೆಚ್ಚೆಂದರೆ ಭೀಮೆಯ ನೀರು. ಆದರೂ ದೂರದ ದಂಡೆಯೊಂದಕ್ಕೆ ಒಬ್ಬನೇ ನಡೆದು ಹೋಗಬೇಕೆಂಬ ಆಸೆ ಕರಾವಳಿಯವರಿಗೆ ಮಾತ್ರ ಮೀಸಲಾದುದಲ್ಲ. ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ ಸಮಾರಿಯಾ ಎಂಬ ಆಳವಾದ ಕಣಿವೆಯಿದೆ. ಅದರೊಳಗೆ ಸುಮಾರು ೧೬ ಕಿಲೋಮೀಟರು ಇಳಿಯುತ್ತ ನಡೆದರೆ ಆಗಿಯಾ ರೂಮೆಲಿ ಎಂಬ ಕಡಲತೀರ ಸಿಕ್ಕುತ್ತದೆ. ಅಲ್ಲಿಗೆ ಮೋಟಾರು ರಸ್ತೆಯಿಲ್ಲ. ನಡೆದು ಬಂದವರು ದೋಣಿ ಹತ್ತಿ ಹಿಂದಿರುಗಬೇಕು. ಆ ನಡಿಗೆಗೆಂದೇ ಜನ ದೇಶದೇಶಗಳಿಂದ ಬರುತ್ತಾರೆ.

ನಾನು ಹೋದುದು ಅಷ್ಟು ದೂರಕ್ಕಲ್ಲ. ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳ ತಾಲೂಕಿನ ತಂಗಡಗಿಗೆ, ಕೃಷ್ಣೆಯ ಉತ್ತರದ ದಂಡೆಗೆ. ಎರಡು ದಿನದ ಹಾದಿ. ಅಲ್ಲಿಗೆ ಬಸ್ಸು ಇಲ್ಲದಿಲ್ಲ. ಆದರೂ ನಡೆದೇ ಹೋದೆನು.

ಕಾರಣ ಒಂದು ಪ್ರಶ್ನೆ. ಸಿಂದಗಿಯ ಕಾಲೇಜಿನಲ್ಲಿ ನಾನು ವಚನಸಾಹಿತ್ಯವನ್ನು ಪಾಠ ಹೇಳುತ್ತೇನೆ. ಅಂದು ನೀಲಮ್ಮನ ವಿಷಯ. ಕಲ್ಯಾಣದಲ್ಲಿ ಕ್ಷೋಭೆಯೆದ್ದ ಮೇಲೆ ಬಸವಣ್ಣನವರು ಕೂಡಲಸಂಗಮಕ್ಕೆ ಬಂದರು. ಮಡದಿ ನೀಲಮ್ಮನನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳುಹಿಸಿದರು. ಅವರಿಬ್ಬರೂ ತಂಗಡಗಿಗೆ ಬರುವಷ್ಟರಲ್ಲಿ ಬಸವಣ್ಣನವರು ಲಿಂಗೈಕ್ಯರಾಗಿದ್ದರು. ನೀಲಮ್ಮ ಹೊಳೆ ದಾಟದೆ ಈಚೆ ದಂಡೆಯಲ್ಲಿಯೇ ಐಕ್ಯಳಾದಳು. ಶರಣಪರಂಪರೆಯ ಈ ಕಥನವನ್ನು ಹತ್ತು ವರ್ಷಗಳಿಂದ ಹೇಳುತ್ತ ಬಂದವನು ನಾನು. ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಹೊಳಿ ದಾಟಾಕ ಯಾಕ ಬರಲಿಲ್ರಿ? ನೀರು ಭಾಳ ಇತ್ತೇನ್ರಿ?” ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕು, ಅದರ ತಾತ್ತ್ವಿಕ ಅರ್ಥವನ್ನು ವಿವರಿಸಿದೆನು. ಆದರೆ ಆ ಹೊಳೆಯನ್ನು ನಾನು ಕಂಡೇ ಇರಲಿಲ್ಲ.

ಇನ್ನೊಂದು ಕಾರಣವೂ ಉಂಟು. ನನ್ನ ತಾಯಿ ಇಂಡಿಯ ಮನೆಯಲ್ಲಿ ತೀರಿಕೊಂಡಾಗ ನಾನು ಸಿಂದಗಿಯಿಂದ ಹೊರಟ ಬಸ್ಸಿನಲ್ಲಿದ್ದೆನು. ಹಿಂದಿನ ದಿನವೇ ಕರೆ ಬಂದಿತ್ತು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮುಗಿಸಿ ನಾಳೆ ಹೋದರಾಯಿತೆಂದು ಉಳಿದೆನು. ತಲುಪಿದಾಗ ಅಂಗಳದಲ್ಲಿ ಜನ ಸೇರಿತ್ತು. ನೀಲಮ್ಮನ ಪಾಠ ಹೇಳುವಾಗಲೆಲ್ಲ ಆ ಬಸ್ಸು ನೆನಪಾಗುತ್ತದೆ.

ಎಳ್ಳಮಾವಾಸ್ಯೆಯ ಚರಗ ಚೆಲ್ಲಿ ಮುಗಿದಿತ್ತು. ಬಾಗೇವಾಡಿಯ ಬಸವೇಶ್ವರ ಗುಡಿಗೆ ಕೈಮುಗಿದು, ನಸುಕಿನಲ್ಲಿಯೇ ತೆಂಕಣ ದಿಕ್ಕಿಗೆ ಹೊರಟೆನು. ಹೆಗಲಿಗೊಂದು ಚೀಲ, ಅದರಲ್ಲಿ ಧೋತರ, ಕಂಬಳಿ, ಖಡಕ್ ರೊಟ್ಟಿ, ಶೇಂಗಾ ಹಿಂಡಿ. ಹುಟ್ಟಿದ ಮನೆಯನ್ನು ಬಿಟ್ಟು ಬಾಲಕ ಬಸವಣ್ಣನು ಸಂಗಮಕ್ಕೆ ನಡೆದುದು ಇದೇ ಊರಿನಿಂದ. ಹರಿಹರನ ರಗಳೆಯಲ್ಲಿ ಆ ಕ್ಷೇತ್ರದ ಹೆಸರು ಕಪ್ಪಡಿಸಂಗಮ. ಹನ್ನೆರಡನೆಯ ಶತಮಾನದ ಹೆಜ್ಜೆಗಳನ್ನು ಹುಡುಕುವ ಹಂಬಲ ನನಗಿರಲಿಲ್ಲ. ಆದರೆ ದಿಕ್ಕು ಅದೇ ಎಂಬುದೊಂದು ಧೈರ್ಯ.

ಎರಿಭೂಮಿಯ ನಡಿಗೆ ಬೇರೆಯದೇ ಬಗೆಯದು. ಮರಗಳು ವಿರಳ. ದಿಗಂತವು ಎಷ್ಟು ನಡೆದರೂ ಅಷ್ಟೇ ದೂರದಲ್ಲಿ ನಿಂತಿರುತ್ತದೆ. ಎರಡೂ ಬದಿಗೆ ತೆನೆ ತುಂಬಿದ ಬಿಳಿಜೋಳ, ನಡುನಡುವೆ ಕುಸುಬಿಯ ಮುಳ್ಳುಸಾಲು, ಕಡಲೆಯ ಹೊಲ. ಮೊದಲ ಎರಡು ತಾಸು ಮನಸ್ಸು ಬಿಡದೆ ಮಾತನಾಡುತ್ತಿತ್ತು: ಮನೆಯ ಬಾಡಿಗೆ, ಮಗನ ಶಾಲೆ, ಯಾರೋ ಆಡಿದ ಮಾತು. ಬಿಸಿಲೇರಿದಂತೆ ಅದಕ್ಕೂ ದಣಿವಾಯಿತು. ಆಮೇಲೆ ಕೇಳಿಸಿದುದು ಹಕ್ಕಿಗಳನ್ನು ಓಡಿಸುವವರ ಕೂಗು ಮತ್ತು ನನ್ನ ಚಪ್ಪಲಿಯ ಸದ್ದು, ಅಷ್ಟೆ.

ಹೊಲವೊಂದರ ಬದುವಿನಲ್ಲಿ ಸೀತನಿ ಸುಡುತ್ತಿದ್ದವರು ಕೂಗಿ ಕರೆದರು. ಬೂದಿ ಕೊಡವಿ ಬೊಗಸೆಗೆ ಸುರಿದ ಬಿಸಿ ಕಾಳು ಮೆಲ್ಲುತ್ತಿರುವಾಗ, “ಎಲ್ಲಿಗ ಹೊಂಟೀರಿ, ಸರ?” ಎಂದರು.

“ತಂಗಡಗಿಗೆ.”

“ನಡಕೊಂತನ? ಹರಕಿ ಏನ್ರಿ?”

“ಹರಕಿ ಏನಿಲ್ಲ. ಸುಮ್ಮನ.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮ್ಮ ಸೀಮೆಯಲ್ಲಿ ನಡೆಯುವುದು ಹೊಸತಲ್ಲ. ಹೋಳಿಹುಣ್ಣಿಮೆ ಕಳೆದು ಯುಗಾದಿ ಹತ್ತಿರವಾಯಿತೆಂದರೆ ಕಂಬಿ ಹೊತ್ತ ಭಕ್ತರ ಗುಂಪುಗಳು ಶ್ರೀಶೈಲ ಮಲ್ಲಯ್ಯನ ಕಡೆಗೆ ಹೊಳೆಯಂತೆ ಹರಿಯುತ್ತವೆ. ದಾರಿಯುದ್ದಕ್ಕೂ ಅವರಿಗೆ ದಾಸೋಹ ನಡೆಯುತ್ತದೆ. ಆದರೆ ಅದು ಕೂಡಿ ನಡೆಯುವ ನಡಿಗೆ. ಕೆಲಸವಿಲ್ಲದೆ, ಹರಕೆಯಿಲ್ಲದೆ, ಒಬ್ಬನೇ ನಡೆಯುವವನನ್ನು ಕಂಡರೆ ಜನಕ್ಕೆ ಮರುಕ. ಏಳುವಾಗ ನನ್ನ ಚೀಲಕ್ಕೆ ಇನ್ನೆರಡು ತೆನೆ ಹಾಕಿದರು.

ಸಂಜೆಗೆ ನಿಡಗುಂದಿ. ಮೊದಲು ಬಾಗೇವಾಡಿ ತಾಲೂಕಿನಲ್ಲಿದ್ದ ಈ ಊರು ಈಗ ತಾನೇ ಒಂದು ತಾಲೂಕು. ವಿಜಯಪುರದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಲಾರಿಗಳು ಗಾಳಿಯೆಬ್ಬಿಸುತ್ತ ಹೋಗುತ್ತವೆ. ಚಹಾದ ಅಂಗಡಿಯಲ್ಲಿ ಕುಳಿತಿದ್ದ ಮುದುಕರೊಬ್ಬರು ನನ್ನ ಕಾಲಿನ ಧೂಳನ್ನು ನೋಡಿ ಅದೇ ಪ್ರಶ್ನೆ ಕೇಳಿದರು. ನಾನು ಅದೇ ಉತ್ತರ ಕೊಟ್ಟೆನು. ಅವರದು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರು. ಈಗ ಇರುವುದು ಪುನರ್ವಸತಿ ಕೇಂದ್ರದಲ್ಲಿ. “ನಮ್ಮ ಊರಿಗೆ ನಡಕೊಂತ ಹೋಗೂದು ಎಲ್ಲೀದು, ಸರ? ಈಗ ಹಾದಿನೂ ನೀರಾಗ ಐತಿ, ಊರೂ ನೀರಾಗ ಐತಿ” ಎಂದು ನಕ್ಕರು. ಆ ನಗೆಗೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ.

ಆಲಮಟ್ಟಿ ಅಣೆಕಟ್ಟಿಗೆ ೧೯೬೪ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ೨೦೦೬ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮ್ ಅವರು ಅದನ್ನು ನಾಡಿಗೆ ಅರ್ಪಿಸಿದರು. ೫೧೯.೬೦ ಮೀಟರು ಮಟ್ಟದವರೆಗೆ ತುಂಬಿದಾಗ ಸುಮಾರು ೧೨೩ ಟಿ.ಎಂ.ಸಿ. ನೀರು ನಿಲ್ಲುತ್ತದೆ. ಆ ನೀರು ಕಾಲುವೆಗಳಲ್ಲಿ ಹರಿದು ಬರದ ಸೀಮೆಯಲ್ಲಿ ಕಬ್ಬು ಬೆಳೆಯುತ್ತದೆ. ಅದೇ ನೀರಿನಡಿಯಲ್ಲಿ ಹಳೆಯ ಬಾಗಲಕೋಟೆಯ ಓಣಿಗಳಿವೆ, ಆ ಮುದುಕರ ಹೊಸ್ತಿಲೂ ಇದೆ. ಲೆಕ್ಕದ ಈ ಎರಡು ಕಡೆಗಳನ್ನು ಕೂಡಿಸುವ ಗಣಿತ ನನಗೆ ಬಾರದು.

ಅಂದಿನ ರಾತ್ರಿ ಯಲಗೂರಿನಲ್ಲಿ ತಂಗಿದೆನು. ಅಲ್ಲಿಯ ಹನುಮಂತದೇವರು ಏಳೂರಿನ ಒಡೆಯನೆಂದು ಜನರ ನಂಬಿಕೆ. ಗುಡಿಯವರನ್ನು ಕೇಳಿ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡೆನು. ಹಿಮ್ಮಡಿಯಲ್ಲಿ ಗುಳ್ಳೆಯೆದ್ದಿತ್ತು. ಬೆಳಿಗ್ಗೆ ಬಸ್ಸು ಹಿಡಿದು ಮನೆಗೆ ಹೋಗಿಬಿಡಲೇ ಎಂಬ ಯೋಚನೆ ಬಂದಿತು. ನನ್ನನ್ನು ಕಾಯುವವರು ತಂಗಡಗಿಯಲ್ಲಿ ಯಾರೂ ಇರಲಿಲ್ಲ. ಬೆಳಿಗ್ಗೆ ಗುಳ್ಳೆಗೆ ಬಟ್ಟೆ ಸುತ್ತಿ ಎದ್ದೆನು. ಕಾಲು ಮೂಡಲಿಗೆ ತಿರುಗಿತು.

ಎರಡನೆಯ ದಿನದ ಹಾದಿ ದೀರ್ಘವೆನಿಸಿತು. ಕುಂಟುತ್ತ ನಡೆಯುವವನಿಗೆ ಪ್ರತಿಯೊಂದು ಏರೂ ಒಂದು ಗುಡ್ಡ. ಹೊತ್ತು ಇಳಿಯುವಾಗ ತಂಗಡಗಿ ಸಿಕ್ಕಿತು. ಅದರಾಚೆ ಅಗಲವಾಗಿ, ಸದ್ದಿಲ್ಲದೆ ಕೃಷ್ಣೆ.

ಇದು ನೀಲಮ್ಮ ಕಂಡ ಹೊಳೆಯಲ್ಲ. ೧೯೮೨ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ ಇಲ್ಲಿ ನಿಂತಿರುವುದು ಹಿನ್ನೀರು. ಬೇಸಗೆಯಲ್ಲಿ ಸೊರಗಿ ಮರಳು ಬಿಟ್ಟು ಸರಿಯುತ್ತಿದ್ದ ನದಿ ಈಗ ಸರೋವರದಂತಿದೆ. ಕೃಷ್ಣೆ ಮಲಪ್ರಭೆಗಳು ಕೂಡುವ ಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಈ ನೀರಿನಿಂದ ಉಳಿಸಲು ಸುತ್ತಲೂ ಬಾವಿಯಂತೆ ಎತ್ತರದ ಗೋಡೆ ಕಟ್ಟಿದ್ದಾರೆ. ಭಕ್ತರು ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ಅದು ಆಚೆ ದಂಡೆಯ ಕಡೆ. ನೀಲಮ್ಮನ ಐಕ್ಯಸ್ಥಳ ಈಚೆ.

ನೀರಿಗೆ ಕಾಲಿಳಿಬಿಟ್ಟು ಕಲ್ಲಿನ ಮೇಲೆ ಕುಳಿತೆನು. ಗುಳ್ಳೆಗೆ ತಂಪು ತಾಗಿತು. ಆಚೆಯ ಗಿಡಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಕಲ್ಯಾಣದಿಂದ ಅಷ್ಟು ದೂರ ಬಂದವಳಿಗೆ ಇಷ್ಟು ನೀರು ಅಡ್ಡಿಯಾಗಿರಲಾರದು. ಅವಳ ವಚನಗಳ ಅಂಕಿತ ‘ಸಂಗಯ್ಯ’. ಆ ಸಂಗಯ್ಯನು ಆಚೆಗಿರುವಂತೆ ಈಚೆಗೂ ಇದ್ದಾನೆಂದು ಅವಳು ಬಗೆದಳೆಂದು ಹಿರಿಯರು ಹೇಳುತ್ತಾರೆ. ತರಗತಿಯಲ್ಲಿ ನಾನೂ ಅದನ್ನೇ ಹೇಳಿದ್ದೆನು. ಆದರೆ ತಡವಾಗಿ ಬಂದವಳ ಎದೆಯೊಳಗೆ ಆ ಮಾತು ಹುಟ್ಟಬೇಕಾದರೆ ಮೊದಲು ಎಷ್ಟು ಹೊತ್ತು ಆಕೆ ಆ ದಂಡೆಯನ್ನು ನೋಡುತ್ತ ಕುಳಿತಿರಬೇಕು! ಅದನ್ನು ನಾನು ಎಂದೂ ಹೇಳಿರಲಿಲ್ಲ; ಯೋಚಿಸಿಯೂ ಇರಲಿಲ್ಲ.

ಕೊಡ ತುಂಬಲು ಬಂದ ಮುದುಕಿಯೊಬ್ಬಳು ನನ್ನ ಕಾಲು ನೋಡಿ, “ಎಲ್ಲಿಂದ ನಡದು ಬಂದೀಯೋ, ಯಪ್ಪಾ?” ಎಂದಳು.

“ಬಾಗೇವಾಡಿಯಿಂದ, ಬೇ.”

“ಒಬ್ಬನ? ಹರಕಿ ಇತ್ತೇನು?”

ಎರಡು ಸಲ ಇಲ್ಲವೆಂದವನು ಆಗ, “ಹೌದು, ಬೇ. ನಮ್ಮವ್ವಂದು” ಎಂದೆನು. ಅವ್ವ ಹರಕೆ ಹೊತ್ತವಳಲ್ಲ. ಆ ಮಾತು ಸುಳ್ಳು. ಆದರೂ ಹೇಳಿದ ಮೇಲೆ ಹಗುರವೆನಿಸಿತು. “ಮುಟ್ಟಿತು ಬಿಡು” ಎಂದು ಆಕೆ ಕೊಡವೆತ್ತಿಕೊಂಡು ಹೋದಳು.

ಹೊಳೆ ದಾಟಲಿಲ್ಲ. ಮರುದಿನ ಬಸ್ಸಿನಲ್ಲಿ ಮುದ್ದೇಬಿಹಾಳಕ್ಕೆ ಹೋಗಿ, ಅಲ್ಲಿಂದ ಊರು ಸೇರಿದೆನು.

ಸೋಮವಾರ ತರಗತಿಯಲ್ಲಿ ಆ ಹುಡುಗಿಯನ್ನು ಎಬ್ಬಿಸಿ, “ನಿನ್ನ ಪ್ರಶ್ನೆಗೆ ಅಂದು ನಾನು ಸರಿಯಾಗಿ ಉತ್ತರ ಹೇಳಲಿಲ್ಲವಮ್ಮ” ಎಂದು, ಪುಸ್ತಕ ತೆರೆಯದೆ, ಬಾಗೇವಾಡಿಯ ನಸುಕಿನಿಂದ ಹೇಳತೊಡಗಿದೆನು. ಗಂಟೆ ಹೊಡೆದಾಗ ನಾನಿನ್ನೂ ಯಲಗೂರಿನಲ್ಲಿಯೇ ಇದ್ದೆನು. ಯಾರೂ ಏಳಲಿಲ್ಲ.