ಸಾವಿರ ಫೋಟೋಗಳಿಗೆ ಹೆಸರು ಹಚ್ಚುವ ಬಗೆ



ಸೊಲ್ಲಾಪುರದ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ ಮುಗಿದ ಮೇಲೆ ನಮ್ಮ ಕಡೆಯ ಯಾವ ಮನೆಗೆ ಹೋದರೂ ಫೋನಿನಲ್ಲಿ, ಕ್ಯಾಮರಾದಲ್ಲಿ ಫೋಟೋಗಳು ತುಂಬಿ ತುಳುಕುತ್ತಿರುತ್ತವೆ. ಹಿಂದೆ ಮೂವತ್ತಾರು ಚಿತ್ರಗಳ ಒಂದು ರೀಲು ಇಡೀ ಜಾತ್ರೆಗೆ ಸಾಕಾಗುತ್ತಿತ್ತು. ತೊಳೆಸಿ ತಂದ ಮೇಲೆ ಮನೆಯ ಹಿರಿಯರು ಪ್ರತಿ ಚಿತ್ರದ ಹಿಂಬದಿಗೆ ಪೆನ್ಸಿಲಿನಿಂದ ಊರು, ಇಸವಿ, ನಿಂತವರ ಹೆಸರು ಬರೆದಿಡುತ್ತಿದ್ದರು. ಇಂದು ಒಬ್ಬ ಹುಡುಗ ಜಾತ್ರೆಯ ನಾಲ್ಕೈದು ದಿನಗಳಲ್ಲಿ ಎರಡು ಸಾವಿರ ಚಿತ್ರ ತೆಗೆಯುತ್ತಾನೆ. ಬರೆಯೋಣವೆಂದರೆ ಅವಕ್ಕೆ ಹಿಂಬದಿಯೇ ಇಲ್ಲ!

ಹಿಂಬದಿ ಇಲ್ಲವೆಂದೆ, ನಿಜವಾಗಿ ಇದೆ, ನಮಗೆ ಕಾಣುವುದಿಲ್ಲ ಅಷ್ಟೆ. ಪ್ರತಿ ಡಿಜಿಟಲ್ ಚಿತ್ರದ ಫೈಲಿನೊಳಗೆ ಅಕ್ಷರ ಬರೆದಿಡಲು ಒಂದಿಷ್ಟು ಜಾಗ ಇರುತ್ತದೆ. ಚಿತ್ರ ತೆಗೆದ ದಿನ, ಗಂಟೆ, ನಿಮಿಷವನ್ನು ಕ್ಯಾಮರಾ ತಾನೇ ಅಲ್ಲಿ ಬರೆಯುತ್ತದೆ. ಊರು, ಸಂದರ್ಭ, ಮಂದಿಯ ಹೆಸರನ್ನು ನಾವು ಬರೆಯಬೇಕು. ಹೀಗೆ ಬರೆಯುವ ಗುರುತಿನ ಮಾತಿಗೆ ಟ್ಯಾಗ್ ಅಥವಾ ಕೀವರ್ಡ್ ಎನ್ನುತ್ತಾರೆ. ಮುಂದೆ ಯಾವತ್ತಾದರೂ ಕಂಪ್ಯೂಟರಿನಲ್ಲಿ ‘ನಂದಿಧ್ವಜ’ ಎಂದು ಹುಡುಕಿದರೆ ಆ ಟ್ಯಾಗ್ ಇರುವ ಚಿತ್ರಗಳೆಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ.

ಎಲ್ಲರೂ ಈ ಕೆಲಸಕ್ಕೆ ಕೂಡುತ್ತಾರೆ, ಎರಡನೆಯ ದಿನಕ್ಕೆ ಬಿಡುತ್ತಾರೆ. ಕಾರಣ ಲೆಕ್ಕದಲ್ಲೇ ಇದೆ. 2,400 ಚಿತ್ರಗಳು, ಒಂದೊಂದನ್ನೇ ತೆರೆದು ಬರೆಯಲು ಅರ್ಧ ನಿಮಿಷ ಹಿಡಿದರೆ 1,200 ನಿಮಿಷ, ಅಂದರೆ 20 ಗಂಟೆ. ಯಾರಿಗಿದೆ ಅಷ್ಟು ಪುರಸೊತ್ತು? ಹಾಗೆಂದು ಮುಂದೂಡುವ ಹಾಗೂ ಇಲ್ಲ. ಜಾತ್ರೆಯ ಹೊಸ ಚಿತ್ರಗಳ ಜೊತೆಗೆ ಈಗ ಮನೆಮನೆಯಲ್ಲಿ ಹಳೆಯ ಕಪ್ಪುಬಿಳುಪು ಚಿತ್ರಗಳನ್ನೂ ಸ್ಕ್ಯಾನ್ ಮಾಡಿಸಿ ಕೂಡಿಸುತ್ತಿದ್ದಾರೆ. ಅವುಗಳಲ್ಲಿ ಧ್ವಜ ಹೊತ್ತವರು ಯಾರು, ಪಕ್ಕಕ್ಕೆ ನಿಂತ ಮಗು ಯಾರ ಮನೆಯದು ಎಂದು ಹೇಳಬಲ್ಲವರು ಎಂಬತ್ತು ದಾಟಿದ ಕೆಲವೇ ಅಜ್ಜ, ಅಜ್ಜಿಯರು. ಅವರಿಗೆ ಒಮ್ಮೆಗೆ ಅರ್ಧ ತಾಸು ಕೂಡುವ ಶಕ್ತಿ ಇದ್ದರೆ ಹೆಚ್ಚು. ಆ ಅರ್ಧ ತಾಸು ‘ಸೊಲ್ಲಾಪುರ, ಜಾತ್ರೆ, ಸೊಲ್ಲಾಪುರ, ಜಾತ್ರೆ’ ಎಂದು ಟೈಪು ಮಾಡುವುದರಲ್ಲಿ ಹೋಗಬಾರದು. ಯಾರು ಬೇಕಾದರೂ ಬರೆಯಬಹುದಾದುದನ್ನು ಮೊದಲೇ ಒಟ್ಟಾಗಿ ಬರೆದು ಮುಗಿಸಿ, ಅವರು ಮಾತ್ರ ಹೇಳಬಲ್ಲದ್ದಕ್ಕೆ ಅವರ ಸಮಯವನ್ನು ಉಳಿಸಬೇಕು.

ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಈ ರೀತಿ ಹೊಸದಲ್ಲ. ಸಂಜೆ ಓಚರುಗಳ ರಾಶಿ ಬಂದಾಗ ಒಂದೊಂದನ್ನೇ ಎತ್ತಿ ಲೆಡ್ಜರಿಗೆ ಓಡುತ್ತಿರಲಿಲ್ಲ. ಸೇವಿಂಗ್ಸ್ ಒಂದು ಕಡೆ, ಕರೆಂಟ್ ಒಂದು ಕಡೆ, ಸಾಲದವು ಒಂದು ಕಡೆ ಎಂದು ಗುಡ್ಡೆ ಮಾಡಿ, ಗುಡ್ಡೆಗೊಂದು ಮೊತ್ತ ಹಾಕಿ, ಆಮೇಲೆ ಪುಸ್ತಕ ತೆರೆಯುತ್ತಿದ್ದೆವು. ಫೋಟೋಗಳಿಗೂ ಮೊದಲು ಗುಡ್ಡೆ, ಆಮೇಲೆ ಬರಹ.

ಅದಕ್ಕಿಂತ ಮೊದಲು ಕಸ ತೆಗೆಯಿರಿ. ಒಂದೇ ಗಳಿಗೆಯಲ್ಲಿ ಒತ್ತಿದ ಎಂಟು ಚಿತ್ರಗಳಲ್ಲಿ ಎರಡನ್ನು ಉಳಿಸಿ ಆರನ್ನು ತೆಗೆದರೆ, ಆ ಆರಕ್ಕೆ ಟ್ಯಾಗ್ ಹಚ್ಚುವ ಕೆಲಸವೇ ಇಲ್ಲ. ಇದರಷ್ಟು ವೇಗದ ಉಪಾಯ ಬೇರೆ ಇಲ್ಲ.

ಇನ್ನು ಸಾಧನ. ‘ಡಿಜಿಕ್ಯಾಮ್’ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ಹಣ ಕೊಡುವವರು ಅಡೋಬಿಯವರು 2007ರಲ್ಲಿ ತಂದ ‘ಲೈಟ್‌ರೂಮ್’ ಬಳಸುತ್ತಾರೆ. ಐವತ್ತೋ ನೂರೋ ಚಿತ್ರಗಳಾದರೆ ವಿಂಡೋಸ್‌ನಲ್ಲೇ ಜೆಪೆಗ್ ಚಿತ್ರಗಳನ್ನು ಒಟ್ಟಿಗೆ ಆರಿಸಿ, ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನ ಡೀಟೇಲ್ಸ್ ಪುಟದಲ್ಲಿ ಟ್ಯಾಗ್ ಬರೆಯಬಹುದು. ಸಾವಿರಗಟ್ಟಲೆ ಇದ್ದರೆ ಡಿಜಿಕ್ಯಾಮ್ ಮೇಲು.

ಯಾವುದನ್ನೇ ಬಳಸಿದರೂ ಕೈಚಳಕ ಒಂದೇ. ಗುಂಪಿನ ಮೊದಲ ಚಿತ್ರವನ್ನು ಕ್ಲಿಕ್ ಮಾಡಿ, ಶಿಫ್ಟ್ ಕೀ ಒತ್ತಿ ಹಿಡಿದು ಕೊನೆಯ ಚಿತ್ರವನ್ನು ಕ್ಲಿಕ್ ಮಾಡಿದರೆ ನಡುವಿನವೆಲ್ಲ ಸೇರುತ್ತವೆ. ಬೇಡದ್ದನ್ನು ಕಂಟ್ರೋಲ್ ಕೀ ಒತ್ತಿ ಹೊರಗಿಡಿ. ಈಗ ಒಂದು ಸಲ ಟ್ಯಾಗ್ ಬರೆದರೆ ಆರಿಸಿದ್ದಕ್ಕೆಲ್ಲ ಹತ್ತುತ್ತದೆ. ದೊಡ್ಡದರಿಂದ ಸಣ್ಣದಕ್ಕೆ ಇಳಿಯಿರಿ. 2,400 ಚಿತ್ರಗಳನ್ನೂ ಆರಿಸಿ ‘ಸೊಲ್ಲಾಪುರ’, ‘ಗಡ್ಡಾ ಜಾತ್ರೆ’, ಇಸವಿ. ಒಂದು ನಿಮಿಷದಲ್ಲಿ ಮೂರು ಟ್ಯಾಗ್ ಮುಗಿಯಿತು. ಆಮೇಲೆ ದಿನದ ಮೇಲೆ ಗುಡ್ಡೆ ಮಾಡಿ. ನಮ್ಮ ಜಾತ್ರೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ಏಳು ನಂದಿಧ್ವಜಗಳು 68 ಲಿಂಗಗಳ ತೈಲಾಭಿಷೇಕಕ್ಕೆ ಹೊರಡುವ ದಿನ ಬೇರೆ, ಸಮ್ಮತಿ ಕಟ್ಟೆಯ ಬಳಿ ಅಕ್ಷತೆ ಬೀಳುವ ದಿನ ಬೇರೆ, ಹೋಮದ ದಿನ ಬೇರೆ, ಮದ್ದು ಸುಡುವ ರಾತ್ರಿ ಬೇರೆ. ದಿನಾಂಕ ಕ್ಯಾಮರಾದಲ್ಲೇ ಇರುವುದರಿಂದ ಗುಡ್ಡೆ ತಾನಾಗಿಯೇ ಬಿದ್ದಿರುತ್ತದೆ. ಒಂದು ದಿನದೊಳಗೆ ಗಂಟೆಯ ಮೇಲೆ ಒಡೆದರೆ ಮನೆಯಲ್ಲಿ ತೆಗೆದವು, ಹಾದಿಯಲ್ಲಿ ತೆಗೆದವು, ಗುಡಿಯಲ್ಲಿ ತೆಗೆದವು ಬೇರೆಬೇರೆಯಾಗುತ್ತವೆ. ಹೀಗೆ ನಲವತ್ತು ಗುಂಪು ಆದವೆನ್ನಿ. ಗುಂಪಿಗೆ ಒಂದೂವರೆ ನಿಮಿಷದಂತೆ ಒಂದು ತಾಸು. ಇಪ್ಪತ್ತು ಎಲ್ಲಿ, ಒಂದು ಎಲ್ಲಿ!

ಇಬ್ಬರು ಮೂವರು ಬೇರೆಬೇರೆ ಕ್ಯಾಮರಾದಲ್ಲಿ ತೆಗೆದಿದ್ದರೆ ಗಡಿಯಾರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದರಲ್ಲಿ ಅಕ್ಷತೆ ಬಿದ್ದ ಹೊತ್ತು ಇನ್ನೊಂದರಲ್ಲಿ ಹತ್ತು ನಿಮಿಷ ಹಿಂದಿರುತ್ತದೆ. ಜಾತ್ರೆಗೆ ಹೊರಡುವ ಮೊದಲು ಎಲ್ಲರೂ ಒಂದೇ ಗೋಡೆ ಗಡಿಯಾರದ ಚಿತ್ರ ತೆಗೆದುಕೊಂಡಿರಲಿ. ಮರಳಿ ಬಂದ ಮೇಲೆ ಯಾವ ಕ್ಯಾಮರಾ ಎಷ್ಟು ಹಿಂದೆ ಮುಂದೆ ಎಂಬುದು ಆ ಚಿತ್ರದಿಂದ ಗೊತ್ತಾಗುತ್ತದೆ. ಆ ಕ್ಯಾಮರಾದ ಎಲ್ಲ ಚಿತ್ರಗಳ ವೇಳೆಯನ್ನು ಡಿಜಿಕ್ಯಾಮ್‌ನಲ್ಲಿ ಒಟ್ಟಿಗೇ ಸರಿಸಬಹುದು. ಸ್ಕ್ಯಾನ್ ಮಾಡಿದ ಹಳೆಯ ಚಿತ್ರಗಳ ಸ್ಥಿತಿ ಇನ್ನೂ ವಿಚಿತ್ರ: 1962ರ ಚಿತ್ರಕ್ಕೆ ಕಂಪ್ಯೂಟರು ಸ್ಕ್ಯಾನ್ ಮಾಡಿದ ದಿನವನ್ನೇ ತೋರಿಸುತ್ತದೆ. ಅದನ್ನೂ ಗುಂಪುಗುಂಪಾಗಿ ತಿದ್ದಿ. ಇಸವಿ ಅಂದಾಜಿನದ್ದಾದರೆ ‘1960ರ ದಶಕ’ ಎಂಬ ಟ್ಯಾಗ್ ಸಾಕು.

ಹುಡುಕುವಾಗ ಸಿಗಬೇಕಾದರೆ ಕಾಗುಣಿತ ಒಂದೇ ಇರಬೇಕು. ಅಣ್ಣ ‘ಸೊಲ್ಲಾಪುರ’ ಬರೆದು, ತಮ್ಮ ‘ಸೊಲಾಪುರ’ ಬರೆದು, ಮೊಮ್ಮಗ ‘ಸೋಲಾಪೂರ’ ಬರೆದರೆ ಮೂರು ಊರುಗಳಾಗುತ್ತವೆ. ಆದ್ದರಿಂದ ಕೂಡುವ ಮೊದಲೇ ಒಂದು ಹಾಳೆಯಲ್ಲಿ ಪಟ್ಟಿ ಮಾಡಿ: ಊರುಗಳು, ಆಚರಣೆಗಳು, ಮನೆತನಗಳು, ವಸ್ತುಗಳು. ಅದನ್ನೇ ಡಿಜಿಕ್ಯಾಮ್‌ನಲ್ಲಿ ಮರದ ಕೊಂಬೆಯಂತೆ ಕೂಡಿಸಿ. ಆಮೇಲೆ ಟೈಪು ಮಾಡುವುದಿಲ್ಲ, ಪಟ್ಟಿಯಿಂದ ಆರಿಸುವುದು ಮಾತ್ರ. ಪದೇಪದೇ ಬರುವ ಹತ್ತು ಟ್ಯಾಗ್‌ಗಳಿಗೆ ಕೀಲಿಮಣೆಯ ಒಂದೊಂದು ಗುಂಡಿಯನ್ನೇ ಗೊತ್ತುಮಾಡಬಹುದು.

ಗಡಿನಾಡಿನವರಿಗೆ ಇನ್ನೊಂದು ಗೊಡವೆ ಇದೆ. ನಾವು ‘ನಂದಿಕೋಲು’ ಎಂದು ಹುಡುಕುತ್ತೇವೆ, ನೆರೆಮನೆಯವರು ‘ಕಾಠಿ’ ಎಂದು. ಮರಾಠಿ ಶಾಲೆಗೆ ಹೋಗುವ ನಮ್ಮದೇ ಮೊಮ್ಮಕ್ಕಳಿಗೆ ಕನ್ನಡ ಅಕ್ಷರ ಓದಲು ಬಾರದೆ ಇರಬಹುದು. ಕನ್ನಡ ಬಿಟ್ಟು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಿರಿ ಎಂದು ನಾನು ಹೇಳುವುದಿಲ್ಲ. ಕನ್ನಡದ ಟ್ಯಾಗ್ ಹಾಕಿದ ಗುಂಪನ್ನೇ ಮತ್ತೆ ಆರಿಸಿ ಮರಾಠಿಯದನ್ನೂ ಹಚ್ಚಿ. ಎರಡು ಕ್ಲಿಕ್ಕಿನ ಕೆಲಸ. ಲೈಟ್‌ರೂಮ್‌ನಲ್ಲಾದರೆ ಒಂದು ಪದಕ್ಕೆ ಸಮಾನಪದಗಳನ್ನು ಒಮ್ಮೆ ಕೊಟ್ಟಿಟ್ಟರೆ, ಚಿತ್ರವನ್ನು ಹೊರಗೆ ಕಳಿಸುವಾಗ ಅವೂ ಜೊತೆಗೆ ಹೋಗುತ್ತವೆ.

ಕನ್ನಡದಲ್ಲಿ ಬರೆಯುವವರು ಯೂನಿಕೋಡಿನಲ್ಲೇ ಬರೆಯಬೇಕು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದದ್ದು ಆ ಫಾಂಟು ಇದ್ದರಷ್ಟೇ ಕನ್ನಡ. ಚಿತ್ರದೊಳಗೆ ಹೋದರೆ ಬರೀ ಗೀಚು. ಟ್ಯಾಗ್ ಚಿಕ್ಕದಾಗಿಯೂ ಇರಲಿ. ಸುದ್ದಿಸಂಸ್ಥೆಗಳಿಗಾಗಿ 1990ರ ದಶಕದ ಆರಂಭದಲ್ಲಿ ಬಂದ ಐಪಿಟಿಸಿ ಎಂಬ ಪದ್ಧತಿಯಲ್ಲಿ ಒಂದು ಕೀವರ್ಡಿಗೆ 64 ಬೈಟುಗಳ ಮಿತಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಯೂನಿಕೋಡ್ ಕನ್ನಡದಲ್ಲಿ ಅಕ್ಷರಕ್ಕೆ ಮೂರು, ಅದರ ಮೇಲಿನ ಗುಣಿತಕ್ಕೆ ಮತ್ತೆ ಮೂರು, ಒತ್ತು ಬಂದರೆ ಇನ್ನಾರು. ‘ಸಿದ್ಧೇಶ್ವರ ದೇವಸ್ಥಾನ’ ಎಂದರೆ 55 ಬೈಟು, ಹಿಡಿಸುತ್ತದೆ. ಅದರ ಮುಂದೆ ‘ಸೊಲ್ಲಾಪುರ’ ಎಂದು ಸೇರಿಸಿದರೆ 83. ‘ಸೊ’ಗೆ ಬಂದು ಕತ್ತರಿ ಬೀಳುತ್ತದೆ. ಊರಿಗೊಂದು, ಗುಡಿಗೊಂದು ಬೇರೆಬೇರೆ ಟ್ಯಾಗ್ ಮಾಡುವುದೇ ಸರಿ. 2001ರಲ್ಲಿ ಅಡೋಬಿ ತಂದ ಎಕ್ಸ್‌ಎಂಪಿ ಪದ್ಧತಿಗೆ ಈ ಮಿತಿ ಇಲ್ಲ, ಆದರೂ ಅನೇಕ ತಂತ್ರಾಂಶಗಳು ಎರಡರಲ್ಲೂ ಬರೆಯುತ್ತವೆ.

ಇನ್ನೊಂದನ್ನು ಮರೆಯದೆ ನೋಡಿ: ಟ್ಯಾಗ್ ಚಿತ್ರದ ಫೈಲಿನೊಳಗೇ ಬರೆಯಲ್ಪಡುತ್ತಿದೆಯೇ? ಕೆಲವು ತಂತ್ರಾಂಶಗಳು ತಮ್ಮದೇ ವಹಿಯಲ್ಲಿ ಬರೆದಿಟ್ಟುಕೊಳ್ಳುತ್ತವೆ. ಚಿತ್ರ ಬೇರೆ ಕಂಪ್ಯೂಟರಿಗೆ ಹೋದರೆ ಹೆಸರು ಹಿಂದೆಯೇ ಉಳಿಯುತ್ತದೆ. ಗೂಗಲ್‌ನವರು ‘ಪಿಕಾಸಾ’ವನ್ನು 2016ರಲ್ಲಿ ನಿಲ್ಲಿಸಿದಾಗ ಬಹಳ ಮಂದಿಗೆ ಇದರ ಬಿಸಿ ತಟ್ಟಿತು. ಡಿಜಿಕ್ಯಾಮ್‌ನ ಸೆಟ್ಟಿಂಗ್‌ನಲ್ಲಿ ಮೆಟಾಡೇಟಾ ಪುಟಕ್ಕೆ ಹೋಗಿ, ಟ್ಯಾಗ್‌ಗಳನ್ನು ಚಿತ್ರದೊಳಗೆ ಬರೆಯುವ ಆಯ್ಕೆಗೆ ಗುರುತು ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಒಳಗಿನ ಬರಹವೆಲ್ಲ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ.

ಮುಖ ಗುರುತಿಸುವ ಯಂತ್ರಬುದ್ಧಿಯ ಬಗ್ಗೆ ಹುಡುಗರು ಕೇಳುತ್ತಾರೆ. ಡಿಜಿಕ್ಯಾಮ್‌ನಲ್ಲಿಯೂ ಅದಿದೆ. ಕೆಲವು ಮುಖಗಳಿಗೆ ನೀವು ಹೆಸರು ಕೊಟ್ಟರೆ ಉಳಿದವನ್ನು ಅದು ಊಹಿಸಿ ಮುಂದಿಡುತ್ತದೆ, ನೀವು ಹೌದು ಅಲ್ಲ ಎನ್ನಬೇಕು. ಕೆಲಸ ಹಗುರಾಗುವುದು ನಿಜ. ಆದರೆ ಎಲ್ಲರೂ ಬಿಳಿ ಬಾರಾಬಂದಿ ತೊಟ್ಟು ರುಮಾಲು ಸುತ್ತಿ ನಿಂತ ಚಿತ್ರದಲ್ಲಿ ಅಣ್ಣನನ್ನು ತಮ್ಮನೆಂದರೆ ಆಶ್ಚರ್ಯಪಡಬೇಡಿ. ಚಿತ್ರದಲ್ಲಿ ಗುಡಿ ಇದೆ, ಜನ ಇದ್ದಾರೆ ಎಂದು ಯಂತ್ರ ಹೇಳೀತು. ಇದು ಎಷ್ಟನೆಯ ಮಾನದ ಧ್ವಜ, ಹೊತ್ತವರು ಯಾವ ಮನೆತನದವರು ಎಂದು ಹೇಳಲಾರದು.

ಅದಕ್ಕೇ ಅಜ್ಜನ ಅರ್ಧ ತಾಸು. ಸಾಮಾನ್ಯ ಟ್ಯಾಗ್‌ಗಳೆಲ್ಲ ಮುಗಿದ ಮೇಲೆ, ಮುಖಗಳು ಸ್ಪಷ್ಟವಿರುವ, ಹೆಸರು ಸಿಗದ ಚಿತ್ರಗಳನ್ನು ಮಾತ್ರ ಆರಿಸಿ ‘ಹೆಸರು ಬೇಕು’ ಎಂಬ ಟ್ಯಾಗ್ ಹಚ್ಚಿಡಿ. ಅವರು ಬಂದು ಕೂತಾಗ ಆ ಟ್ಯಾಗ್ ಒತ್ತಿದರೆ ಅವಷ್ಟೇ ಒಂದಾದ ಮೇಲೊಂದು ಬರುತ್ತವೆ. ಟಿವಿಗೆ ಜೋಡಿಸಿ ದೊಡ್ಡದಾಗಿ ತೋರಿಸಿ. ಒಬ್ಬರು ಕೇಳಲಿ, ಇನ್ನೊಬ್ಬರು ಬರೆಯಲಿ. ಅವರು ಹೇಳುವ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡರೆ ಟೈಪು ಮಾಡುವವರಿಗಾಗಿ ಅವರು ಕಾಯಬೇಕಿಲ್ಲ. ಹೆಸರು ಸಿಕ್ಕ ಚಿತ್ರದಿಂದ ಆ ಟ್ಯಾಗ್ ತೆಗೆಯಿರಿ. ಅವರಿಗೂ ಗುರುತು ಹತ್ತದ ಚಿತ್ರಗಳಲ್ಲಿ ಅದು ಹಾಗೆಯೇ ಇರಲಿ. ಮುಂದಿನ ವಾರ ಅಕ್ಕಲಕೋಟೆಯ ಅತ್ತೆ ಬಂದಾಗ ಅವರಿಗೆ ತೋರಿಸಬಹುದು.